ಬಿಳಿಗಿರಿರಂಗನ ಬೆಟ್ಟದಲ್ಲಿ ನಾಲ್ಕು ದಿನದ ಕಾಡಿನ ಪಾಠ: ಇಲ್ಲಿ ಮೇಷ್ಟ್ರು ಸೋಲಿಗರೇ

ಹದಿನೇಳು ವರ್ಷದಿಂದ ಮೈಸೂರಿನ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪರಿಸರ ಅಧ್ಯಯನದ ಪೇಪರ್ ಕೂಡ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ನಾವು ಬಳಸುವ ಪಠ್ಯದಲ್ಲಿ ಆದಿವಾಸಿಗಳ ಜ್ಞಾನದ ಬಗ್ಗೆ ಅರ್ಧ ಪುಟ ಇದೆ. ಅವರು ಪ್ರಕೃತಿಯ ಜೊತೆ ಹೊಂದಿಕೊಂಡು ಬಾಳುತ್ತಾರೆ ಅಂತ ಬರೆದಿದೆ. ಹೇಗೆ ಅಂತ ಬರೆದಿಲ್ಲ. ಹೇಗೆ ಅಂತ ಯಾರಾದರೂ ಹುಡುಗರು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಈ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಪೋಡಿನಲ್ಲಿ ನಡೆದ ನಾಲ್ಕು ದಿನದ ತರಬೇತಿಗೆ ಹೋದೆ. ಪೋಡು ಅಂದರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಾಡಿ. ಹಾಳಾದ ಕಾಡನ್ನು ಮತ್ತೆ ಕಟ್ಟುವುದು ಹೇಗೆ, ಅದನ್ನು ಸೋಲಿಗರ ಕಣ್ಣಿನಲ್ಲಿ ನೋಡಿ ಕಲಿಯುವುದು ಹೇಗೆ, ಇದೇ ವಿಷಯ. ಬಂದಿದ್ದವರು ಹದಿನೆಂಟು ಜನ, ಹೆಚ್ಚಿನವರು ನನ್ನಂಥ ಮೇಷ್ಟ್ರುಗಳು. ಊಟ, ವಸತಿ ಸೇರಿ ನಾಲ್ಕೂವರೆ ಸಾವಿರ ರೂಪಾಯಿ.

ಹೋಗುವಾಗ ಮನಸ್ಸಿನಲ್ಲಿ ಒಂದು ಅಳುಕಿತ್ತು. ಎರಡು ವರ್ಷದ ಹಿಂದೆ ಬೇರೆ ಕಡೆ ಇಂಥದ್ದೇ ಹೆಸರಿನ ಕಾರ್ಯಾಗಾರಕ್ಕೆ ಹೋಗಿದ್ದೆ. ಹಗಲೆಲ್ಲ ಹವಾನಿಯಂತ್ರಿತ ಹಾಲ್‌ನಲ್ಲಿ ಸ್ಲೈಡ್ ತೋರಿಸಿದರು. ಸಾಯಂಕಾಲ ಆರು ಗಂಟೆಗೆ ಆದಿವಾಸಿ ತಂಡವನ್ನು ಕರೆಸಿ ಕುಣಿಸಿದರು. ನಮಗೆಲ್ಲ ಫೋಟೊ ತೆಗೆದುಕೊಳ್ಳಿ ಅಂದರು. ಕುಣಿದವರಲ್ಲಿ ಒಬ್ಬ ಹಿರಿಯರು ಆ ಹಾಲ್‌ನ ಹೊರಗೆ ಮೂರು ತಾಸು ಮೆಟ್ಟಿಲ ಮೇಲೆ ಕಾದು ಕೂತಿದ್ದರು. ನಾನೂ ಅವರನ್ನು ಮಾತಾಡಿಸದೆ ಒಳಗೆ ಹೋಗಿದ್ದೆ. ಆ ಬೇಜಾರು ಇನ್ನೂ ಹೋಗಿಲ್ಲ.

ಇಲ್ಲಿ ಹಾಗಾಗಲಿಲ್ಲ. ಮೊದಲ ದಿನ ಬೆಳಿಗ್ಗೆ ಏಳಕ್ಕೇ ಪಾಠ ಶುರು. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಮಫ್ಲರ್ ಸುತ್ತಿಕೊಂಡು, ಪೋಡಿನ ಅಂಚಿನ ಮತ್ತಿ ಮರದ ಕೆಳಗೆ ನಿಂತಿದ್ದರು. ಪರಿಚಯ, ಸ್ವಾಗತ ಅಂತ ಏನೂ ಇಲ್ಲ. ಕೂತು ನೆಲದ ತರಗೆಲೆಯ ಮೇಲೆ ಅಂಗೈ ಒತ್ತಿದರು. ನಮಗೂ ಒತ್ತಿ ಅಂದರು. ಮೇಲಿನ ಎಲೆ ಗರಿಗರಿ. ಕೆಳಗೆ ಬೆರಳು ತೂರಿಸಿದರೆ ತಣ್ಣಗೆ, ಇಬ್ಬನಿಯ ಪಸೆ.

"ಈಗ ಬೆಂಕಿ ಇಟ್ರೆ ಮೊಣಕಾಲು ಮಟ್ಟ ಉರೀತದೆ, ಮಂಜು ಬೀಳೋ ಹೊತ್ಗೆ ಆರ್ತದೆ. ಶಿವರಾತ್ರಿ ಕಳೆದ್ಮೇಲೆ ಇಟ್ರೆ ಮರ ಹತ್ತದೆ" ಅಂದರು.

ಇದಕ್ಕೆ ಸೋಲಿಗರು ತರಗು ಬೆಂಕಿ ಅನ್ನುತ್ತಾರೆ. ಬೇಸಿಗೆ ಬಲಿಯುವ ಮುಂಚೆ, ತರಗು ಇನ್ನೂ ತೆಳುವಾಗಿರುವಾಗ, ಸಣ್ಣದಾಗಿ ಹಾಕುವ ಬೆಂಕಿ. ಹಳೆ ಹುಲ್ಲು ಹೋಗಿ ಚಿಗುರು ಬರುತ್ತದೆ, ಕಡವೆ, ಕಾಟಿ ಮೇಯಲು ಬರುತ್ತವೆ. ರಕ್ತ ಹೀರುವ ಉಣ್ಣೆ ಹುಳು ಕಡಿಮೆಯಾಗುತ್ತದೆ. ಹೊರಗಿಂದ ಬಂದು ಕಾಡನ್ನು ಮುತ್ತಿರುವ ಲಂಟಾನ ಅನ್ನುವ ಕಳೆಗಿಡದ ಎಳೆ ಸಸಿ ಸಾಯುತ್ತದೆ. 1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಆಮೇಲೆ ಸೋಲಿಗರನ್ನು ಒಳಗಿನ ಪೋಡುಗಳಿಂದ ಹೊರಗೆ ತಂದರು, ತರಗು ಬೆಂಕಿಯೂ ನಿಂತಿತು. ಈಗಲೂ ಇಡುವ ಹಾಗಿಲ್ಲ. ಹಾಗಾಗಿ ಅಜ್ಜ ಕಡ್ಡಿ ಗೀರಲಿಲ್ಲ. ಒಂದು ಹಿಡಿ ತರಗನ್ನು ಗಾಳಿಗೆ ಬಿಟ್ಟು ಅದು ಎತ್ತ ಬೀಳುತ್ತದೆ ಅಂತ ತೋರಿಸಿದರು. ಬೆಂಕಿ ಎಲ್ಲಿಂದ ಶುರುವಾಗಬೇಕು, ಇಳಿಜಾರಿನಲ್ಲಿ ಮೇಲಿಂದ ಕೆಳಗೆ ಯಾಕೆ ಬರಬೇಕು, ಯಾವ ಕಾಲುದಾರಿಯಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ನಡೆದು ತೋರಿಸಿದರು. ಐವತ್ತು ವರ್ಷದಿಂದ ಇಡದ ಬೆಂಕಿಯ ದಾರಿ ಅವರ ಕಾಲಿಗೆ ಇನ್ನೂ ನೆನಪಿದೆ. ಕೆಲವು ಕಡೆ ಆ ದಾರಿ ಲಂಟಾನದ ಪೊದೆಯೊಳಗೆ ನುಗ್ಗಿ ನಿಂತುಹೋಗುತ್ತಿತ್ತು. ಅಲ್ಲಿ ಅವರು ಸುಮ್ನೆ ನಿಂತು, ಆ ಕಡೆಗೆ ಕೈ ತೋರಿಸುತ್ತಿದ್ದರು.

ನಾನು ತರಗತಿಯಲ್ಲಿ 'ಕಾಡ್ಗಿಚ್ಚು: ಕಾರಣಗಳು, ಪರಿಣಾಮಗಳು' ಅಂತ ನೋಟ್ಸ್ ಕೊಡುತ್ತೇನೆ. ಅದರಲ್ಲಿ ಒಂದೇ ಒಂದು ಬೆಂಕಿ ಇದೆ, ಕೆಟ್ಟದ್ದು. ಈ ಅಜ್ಜನ ಬೆಂಕಿಗೆ ತಿಂಗಳಿದೆ, ಎತ್ತರವಿದೆ, ದಿಕ್ಕಿದೆ. ಆ ನೋಟ್ಸ್ ತಿದ್ದಬೇಕು ಅಂತ ಅಲ್ಲೇ ಬರೆದಿಟ್ಟುಕೊಂಡೆ.

ಎರಡನೇ ದಿನದ ನೆಲ್ಲಿ ಪಾಠ ನನಗೆ ಇಡೀ ಕೋರ್ಸಿನಲ್ಲಿ ತುಂಬಾ ಇಷ್ಟವಾದದ್ದು. ಹೇಳಿಕೊಟ್ಟವರು ಐವತ್ತರ ಆಸುಪಾಸಿನ ಒಬ್ಬ ಅಕ್ಕ. ಚಿಕ್ಕಂದಿನಿಂದ ನೆಲ್ಲಿಕಾಯಿ ಆಯ್ದವರು. ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ನೆಲ್ಲಿಯ ಪುಟ್ಟ ಎಲೆಗಳ ನಡುವೆ ಬೇರೆ ಥರದ ದಪ್ಪ ಎಲೆಯ ಗೊಂಚಲು. ಅವರು ಉಪ್ಪಿಲು ಅಂದರು. ಬೇರೆ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಗಿಡಕ್ಕೆ ನಾವು ಬಂದಳಿಕೆ ಅನ್ನುತ್ತೇವಲ್ಲ, ಆ ಜಾತಿಯದು. ಅದರ ಹಣ್ಣನ್ನು ಹಿಚುಕಿ ನನ್ನ ಬೆರಳಿಗೆ ಹಚ್ಚಿದರು. ಅಂಟು ಬಿಡಲೇ ಇಲ್ಲ. ಸೀರೆಗೆ ಒರೆಸಿದರೆ ಬೀಜ ಸೀರೆಗೆ ಅಂಟಿತು. "ಹಕ್ಕಿಗೂ ಹಿಂಗೇ ಮೇಡಂ. ಕೊಂಬೆಗೆ ಒರೆಸ್ತದೆ. ಅಲ್ಲೇ ಹುಟ್ತದೆ" ಅಂದರು. ಎಲೆಯ ಮರೆಯಲ್ಲಿ ಓಡಾಡುವ ಹೆಬ್ಬೆರಳಿನಷ್ಟು ಹಕ್ಕಿಯನ್ನೂ ತೋರಿಸಿದರು. ಬಂದಳಿಕೆಯ ಬೀಜ ಹಕ್ಕಿಯಿಂದ ಹರಡುತ್ತದೆ ಅಂತ ಎಷ್ಟು ಬ್ಯಾಚಿಗೆ ಬೋರ್ಡಿನ ಮೇಲೆ ಬರೆದಿದ್ದೇನೋ. ಕೈಗೆ ಅಂಟಿದ್ದು ಅವತ್ತೇ ಮೊದಲು.

ಇದರ ಹಿಂದೆ ಒಂದು ಕಥೆ ಇದೆ, ಅದನ್ನು ತರಬೇತಿಯ ಸಂಶೋಧಕಿಯೊಬ್ಬರು ಹೇಳಿದರು. ಈ ಬೆಟ್ಟದಲ್ಲಿ ನೆಲ್ಲಿ ಕಡಿಮೆಯಾಗುತ್ತಿದೆಯಾ ಅಂತ ವಿಜ್ಞಾನಿಗಳು ನೋಡಲು ಹೊರಟಾಗ ಅವರ ಗಮನವೆಲ್ಲ ಸೋಲಿಗರು ಎಷ್ಟು ಕಾಯಿ ಕೀಳುತ್ತಾರೆ ಅನ್ನುವುದರ ಮೇಲಿತ್ತು. ಸೋಲಿಗರು ಬೇರೆಯದನ್ನೇ ಹೇಳಿದರು. ಲಂಟಾನ ಜಾಸ್ತಿಯಾಗಿದೆ, ಉಪ್ಪಿಲು ಜಾಸ್ತಿಯಾಗಿದೆ, ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ, ಅಂತ. ಬೆಂಕಿಗೂ ಉಪ್ಪಿಲಿಗೂ ಇರುವ ಈ ನಂಟು ಸಂಶೋಧಕರ ಯೋಚನೆಯಲ್ಲಿ ಇರಲೇ ಇಲ್ಲ. 2010ರಲ್ಲಿ ಇದರ ಬಗ್ಗೆಯೇ ಒಂದು ವೈಜ್ಞಾನಿಕ ಪ್ರಬಂಧ ಬಂತು. ಕಾಯಿ ಕೀಳುವಾಗಲೇ ಉಪ್ಪಿಲು ಹಿಡಿದ ಕೊಂಬೆಯನ್ನು ಕತ್ತರಿಸುವ ಪದ್ಧತಿಯನ್ನು ಸೋಲಿಗರೂ ಸಂಶೋಧಕರೂ ಸೇರಿ ಪ್ರಯೋಗ ಮಾಡಿ ನೋಡಿದ್ದಾರೆ. ಸಂಶೋಧಕಿ ಇದನ್ನು ಹೇಳುವಾಗ ಆ ಅಕ್ಕ ಪಕ್ಕದಲ್ಲೇ ಕೂತಿದ್ದರು. ನಡುವೆ ಎರಡು ಸಲ ತಡೆದು ತಿದ್ದಿದರು. ಸಂಶೋಧಕಿ ತಿದ್ದಿಸಿಕೊಂಡರು. ಇಂಥ ಪಾಠ ನಾನು ಯಾವ ಕ್ಲಾಸಿನಲ್ಲೂ ಕಂಡಿಲ್ಲ.

ಮೂರನೇ ದಿನ ಕೈಕೆಲಸ. ಪೋಡಿನವರ ಜಮೀನಿನ ಅಂಚಿನಲ್ಲಿ ಲಂಟಾನ ತೆಗೆಯುವುದು. ಅಂದಕ್ಕೆ ಅಂತ ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಬ್ರಿಟಿಷರು ಕಲ್ಕತ್ತದ ತೋಟಕ್ಕೆ ತಂದ ಗಿಡ ಇದು. ಈಗ ಇಲ್ಲಿ ಆಳೆತ್ತರದ ಗೋಡೆಯಾಗಿ ನಿಂತಿದೆ. ಮೇಲಿಂದ ಸವರಿದರೆ ಮತ್ತೆ ಒತ್ತಾಗಿ ಚಿಗುರುತ್ತದೆ. ದೆಹಲಿಯ ಪ್ರೊಫೆಸರ್ ಸಿ. ಆರ್. ಬಾಬು ಅವರ ತಂಡ ಹೇಳಿಕೊಟ್ಟ ವಿಧಾನದಲ್ಲಿ ಮಾಡಿದೆವು. ಬುಡ ಬಗೆದು, ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕಡಿಯಬೇಕು. ಆಮೇಲೆ ಗಿಡವನ್ನು ತಲೆಕೆಳಗಾಗಿ ಇಡಬೇಕು, ಮಣ್ಣು ತಾಗಿ ಮತ್ತೆ ಬೇರು ಬಿಡಬಾರದು. ಗುದ್ದಲಿಯ ಅಂಚನ್ನು ಬೇರಿಗೆ ಓರೆಯಾಗಿ ತಾಗಿಸುವುದನ್ನು ಒಬ್ಬ ಹುಡುಗ ನನಗೆ ನಾಲ್ಕು ಸಲ ತೋರಿಸಬೇಕಾಯಿತು. ಎರಡು ತಾಸಿನಲ್ಲಿ ನಾನು ತೆಗೆದದ್ದು ಹನ್ನೊಂದು ಗಿಡ. ಆ ಹುಡುಗ ಹೇಳಿದ ಇನ್ನೊಂದು ಮಾತು ತುಂಬಾ ಮುಖ್ಯ: ತೆಗೆದ ಜಾಗಕ್ಕೆ ಮುಂದಿನ ಮಳೆಗಾಲದಲ್ಲಿ ವಾಪಸ್ ಬರಬೇಕು, ಅದರಲ್ಲೂ ಹಕ್ಕಿ ಕೂರುವ ಮರದ ಕೆಳಗೆ. ಸಸಿಗಳ ರಾಶಿ ಅಲ್ಲೇ ಹುಟ್ಟುತ್ತದೆ. ಒಂದು ದಿನ ಗಿಡ ಕಿತ್ತು ಫೋಟೊ ಹಾಕಿ ಮರೆಯುವ ನಮ್ಮ ಶ್ರಮದಾನಗಳಲ್ಲಿ ಈ ವಾಪಸ್ ಬರುವ ಕೆಲಸವೇ ಇರುವುದಿಲ್ಲ, ಅಲ್ವಾ?

ಅವತ್ತು ಮಧ್ಯಾಹ್ನ ನಕ್ಷೆಯ ಪಾಠ. ನಾವು ಕಾಡಿನ ನಕ್ಷೆ ಬರೆದಾಗ ರಸ್ತೆ, ಗೇಟು, ಕೆರೆ, ದೇವಸ್ಥಾನ ಬಂದವು. ಸೋಲಿಗ ಹಿರಿಯರು ಇದ್ದಿಲಿನಿಂದ ನೆಲದ ಮೇಲೆ ಬರೆದಾಗ ಕುಲಕುಲದ ಎಲ್ಲೆಗಳು, ಅಂದರೆ ಒಂದೊಂದು ಕುಲದ ಪಾಲಿನ ಕಾಡು, ಬಂದವು. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು ಅನ್ನುವ ಶಕ್ತಿ, ಸತ್ತ ಹಿರಿಯರ ಕಲ್ಲುಗುಡಿ, ಅಬ್ಬಿ ಅನ್ನುವ ನೀರಿನ ತಾಣ. ಜೇನು ಕಟ್ಟುವ ಮರ, ಬಂಡೆ. ಇಂಥ ಪವಿತ್ರ ಜಾಗಗಳು ಈ ಬೆಟ್ಟಗಳಲ್ಲಿ ನಾನೂರಕ್ಕೂ ಹೆಚ್ಚು ಇವೆ. ಬೆಟ್ಟದ ದೇವರು ರಂಗನಾಥ ಸ್ವಾಮಿ ಸೋಲಿಗರಿಗೆ ಭಾವ, ಅವರ ಮನೆ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ನಂಟರ ಮನೆಯ ಹಿತ್ತಲನ್ನು ಹೇಗೆ ನೋಡುತ್ತೇವೋ ಹಾಗೆ ಅವರು ಆ ಕಾಡನ್ನು ತೋರಿಸುತ್ತಿದ್ದರು.

ಹಕ್ಕುಪತ್ರದ ವಿಷಯವೂ ಅಲ್ಲೇ ಬಂತು. 2011ರ ಜನವರಿಯಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಪಾಡುವ, ಮತ್ತೆ ಬೆಳೆಸುವ, ನಿರ್ವಹಿಸುವ ಹಕ್ಕನ್ನೂ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಕಾಡನ್ನು ಮತ್ತೆ ಕಟ್ಟುವುದನ್ನು ಬರೀ ಗಿಡ ನೆಡುವ ವಿಷಯ ಅಂದುಕೊಂಡಿದ್ದೆ. ಇಲ್ಲಿ ಅದು ಕಾನೂನಿನ ವಿಷಯವೂ ಹೌದು. ಇದಕ್ಕೆ ಕೊಟ್ಟದ್ದು ಮುಕ್ಕಾಲು ತಾಸು, ಅರ್ಧ ದಿನ ಕೊಡಬೇಕಿತ್ತು.

ನಾಲ್ಕನೇ ದಿನ ಆಸ್ಟ್ರೇಲಿಯಾದ ಆದಿವಾಸಿಗಳ ತಣ್ಣನೆ ಬೆಂಕಿಯ ಬಗ್ಗೆ ಒಂದು ಉಪನ್ಯಾಸ ಇತ್ತು. ಅಲ್ಲಿನ ಉತ್ತರ ಭಾಗದಲ್ಲಿ ಮಳೆಯಿಲ್ಲದ ಒಣಗಾಲದ ಮೊದಲಲ್ಲೇ ಸಣ್ಣ ಬೆಂಕಿ ಇಡುವ ಕೆಲಸವನ್ನು ಆದಿವಾಸಿ ರೇಂಜರ್‌ಗಳು ಸಂಬಳ ಪಡೆದು ಮಾಡುತ್ತಾರೆ. ಅದನ್ನು ಕೇಳಿ ಅಜ್ಜ, ಅವರ ಹುಲ್ಲು ಎಷ್ಟು ಎತ್ತರ ಅಂತ ಕೇಳಿದರು. ಉಪನ್ಯಾಸಕರು ಕೈಯಲ್ಲಿ ಅಳತೆ ತೋರಿಸಿದರು. ಆಮೇಲೆ ಅರ್ಧ ತಾಸು ಅವರಿಬ್ಬರದೇ ಮಾತು.

ಇನ್ನು ಸರಿಯಾಗದ್ದನ್ನೂ ಹೇಳಬೇಕು. ನಮಗೆ ಕೊಟ್ಟ ಅರವತ್ತು ಪುಟದ ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿದೆ. ಹೇಳಿಕೊಟ್ಟವರು ಕನ್ನಡದವರು, ಕಲಿತ ಮೇಷ್ಟ್ರುಗಳು ಕನ್ನಡದವರು, ಮುಂದೆ ಕಲಿಯುವ ಮಕ್ಕಳೂ ಕನ್ನಡದವರೇ. ಹಾಗಿದ್ದ ಮೇಲೆ ಇದು ಯಾರಿಗಾಗಿ? ಉಪ್ಪಿಲು, ಎಲ್ಲೆ, ತರಗು ಬೆಂಕಿ, ಇವು ಆ ಪುಸ್ತಿಕೆಯಲ್ಲಿ ಓರೆ ಅಕ್ಷರದ ಪರಕೀಯ ಪದಗಳಾಗಿ ಬಿದ್ದಿವೆ. ಅದಕ್ಕಿಂತ ನೋವಾದದ್ದು ಕೊನೆಯ ಪುಟ. ಸಂಪನ್ಮೂಲ ವ್ಯಕ್ತಿಗಳ ಪಟ್ಟಿಯಲ್ಲಿ ಸಂಶೋಧಕರ ಹೆಸರು, ಪದವಿ, ಫೋಟೊ ಎಲ್ಲ ಇದೆ. ನಮಗೆ ಮೂರು ದಿನ ಪಾಠ ಮಾಡಿದ ಆರು ಜನ ಸೋಲಿಗರು ಅದರ ಕೆಳಗೆ, ಸ್ಥಳೀಯ ಮಾಹಿತಿದಾರರು ಅಂತ ಒಂದೇ ಸಾಲಿನಲ್ಲಿ, ಹೆಸರಿಲ್ಲದೆ ಇದ್ದಾರೆ. ಸಂಭಾವನೆ ಬಗ್ಗೆ ಆಯೋಜಕರನ್ನೇ ಕೇಳಿದೆ. ಸೋಲಿಗರಿಗೆ ದಿನಗೂಲಿ ಲೆಕ್ಕ, ಉಪನ್ಯಾಸಕರಿಗೆ ಗಂಟೆ ಲೆಕ್ಕ. ಆಯೋಜಕರು ಬೇಸರ ಮಾಡಿಕೊಳ್ಳಲಿಲ್ಲ, ಮುಂದಿನ ಸಲ ಬದಲಾಯಿಸುತ್ತೇವೆ ಅಂದರು. ನಾನು ಅದನ್ನು ಬರವಣಿಗೆಯಲ್ಲೂ ಕೊಟ್ಟು ಬಂದಿದ್ದೇನೆ. ಕಾಡಿನಲ್ಲಿ ಅವರನ್ನು ಮೇಷ್ಟ್ರು ಅಂತ ನಡೆಸಿಕೊಂಡ ಮೇಲೆ ಕಾಗದದಲ್ಲೂ ಮೇಷ್ಟ್ರು ಅಂತಲೇ ಬರೆಯಬೇಕು.

ಊಟ ಚೆನ್ನಾಗಿತ್ತು: ರಾಗಿ ಮುದ್ದೆ, ಹುರುಳಿ ಸಾರು, ಒಂದು ದಿನ ಕಾಡುಸೊಪ್ಪಿನ ಪಲ್ಯ. ಮಲಗುವುದು ಡಾರ್ಮಿಟರಿಯಲ್ಲಿ. ರಾತ್ರಿ ಚಳಿ ಜೋರು, ಒಂದು ಕಂಬಳಿ ಸಾಲದು. ಹೆಂಗಸರಿಗೆ ಬೇರೆ ಸ್ನಾನದ ಮನೆ ಇದೆ, ಬಿಸಿ ನೀರು ಬಕೆಟ್ ಲೆಕ್ಕ. ಫೋನ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಯಳಂದೂರಿನಿಂದ ಬಸ್ಸಿದೆ, ಆದರೆ ಸಂಜೆ ಕಾಡಿನ ಗೇಟು ಮುಚ್ಚುವುದರೊಳಗೆ ಬೆಟ್ಟ ಸೇರಿಕೊಳ್ಳಿ. ದಪ್ಪ ಕೈಗವಸು ತಗೊಂಡು ಹೋಗಿ, ಲಂಟಾನದ ಮುಳ್ಳು ಸಣ್ಣದು, ತೆಗೆಯುವುದು ಕಷ್ಟ.

ಮೇಷ್ಟ್ರುಗಳು, ಪರಿಸರ ಸಂಘದವರು, ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದವರು ಖಂಡಿತ ಹೋಗಬೇಕು. ಹೆಸರು ಕೊಡುವಾಗ ಪಾಠ ಮಾಡುವವರ ಪಟ್ಟಿ ಕೇಳಿ, ಅದರಲ್ಲಿ ಸೋಲಿಗರ ಹೆಸರು ಇದೆಯಾ ನೋಡಿ. ಹೆಚ್ಚು ಜನ ಕೇಳಿದರೆ ಬೇಗ ಬದಲಾಗುತ್ತದೆ.

ನಮ್ಮ ಕಾಲೇಜಿನ ಹಿಂದುಗಡೆ ಒಂದು ಹಳೆ ಮಾವಿನ ಮರ ಇದೆ. ಅದರ ತುಂಬ ಬಂದಳಿಕೆ. ವಾಪಸ್ ಬಂದ ವಾರ ಎರಡನೇ ವರ್ಷದವರನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಹಣ್ಣು ಹಿಚುಕಿ ಒಬ್ಬೊಬ್ಬರ ಬೆರಳಿಗೂ ಹಚ್ಚಿದೆ. ಕೊಳ್ಳೇಗಾಲದ ಕಡೆಯ ಒಬ್ಬ ಹುಡುಗಿ, ಯಾವತ್ತೂ ಹಿಂದಿನ ಬೆಂಚಿನಲ್ಲಿ ಸುಮ್ಮನಿರುವವಳು, "ಮಿಸ್, ನಮ್ಮಜ್ಜಿ ಇದಕ್ಕೆ ಉಪ್ಪಿಲು ಅಂತಾರೆ" ಅಂದಳು. ಮುಂದಿನ ತಿಂಗಳು ಅವಳ ಅಜ್ಜಿ ನಮ್ಮ ಕ್ಲಾಸಿಗೆ ಬರುತ್ತಿದ್ದಾರೆ. ಅತಿಥಿ ಉಪನ್ಯಾಸಕರ ಫಾರ್ಮ್‌ನಲ್ಲಿ ಅವರ ಹೆಸರು ಬರೆದು ಪ್ರಿನ್ಸಿಪಾಲರ ಸಹಿ ಹಾಕಿಸಿದ್ದೇನೆ, ಗಂಟೆ ಲೆಕ್ಕದಲ್ಲೇ.