ವಚನ ಸಂಖ್ಯೆ ಇಲ್ಲದ ಹಾಳೆ, ಬಣ್ಣದ ಪೆನ್ಸಿಲ್: ನಮ್ಮ ಬುಧವಾರದ ಬೈಬಲ್ ಸ್ಟಡಿ

ಬೈಬಲ್ ಸ್ಟಡಿ ಅಂತ ಕರೆದು, ಪಾಸ್ಟರ್ ಕೈಲಿ ಇನ್ನೊಂದು ಪ್ರಸಂಗ (ಉಪದೇಶ) ಕೇಳಿಸಿ ಕಳಿಸುವ ಚರ್ಚ್ ಸಭೆಗಳೇ ಜಾಸ್ತಿ. ಮೈಸೂರಿನಲ್ಲಿ ನಾವು ಹೋಗುವ ಸಭೆಯ ಬುಧವಾರದ ಸ್ಟಡಿ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈಗ ಮಾರ್ಕನ ಸುವಾರ್ತೆ, ಅಂದರೆ ಮಾರ್ಕ ಬರೆದ ಯೇಸುವಿನ ಕಥೆ, ನಡೆಯುತ್ತಿದೆ. 16 ಅಧ್ಯಾಯ ಅಷ್ಟೇ, ನಾಲ್ಕು ಸುವಾರ್ತೆಗಳಲ್ಲಿ ಇದೇ ಚಿಕ್ಕದು. ಹೊಸಬರಿಗೆ ಇದೇ ಸರಿ.

ಬಂದವರಿಗೆಲ್ಲ ಒಂದು ಪ್ರಿಂಟ್ ಹಾಳೆ ಕೊಡುತ್ತಾರೆ. ಅದರಲ್ಲಿ ಅವತ್ತಿನ ಭಾಗ ಮಾತ್ರ. ದೊಡ್ಡ ಅಕ್ಷರ, ಸಾಲುಗಳ ಮಧ್ಯೆ ಬರೆಯಲು ಜಾಗ. ಶೀರ್ಷಿಕೆ ಇಲ್ಲ, ಬೈಬಲಿನ ಮಾತನ್ನು ಚಿಕ್ಕ ತುಂಡು (ವಚನ) ಮಾಡಿ ಹಾಕುವ ವಚನ ಸಂಖ್ಯೆಯೂ ಇಲ್ಲ. ಸಂಖ್ಯೆ ತೆಗೆದಿದ್ದಕ್ಕೆ ಕೆಲವು ಹಿರಿಯರು ಮೊದಲು ಬೇಜಾರು ಮಾಡಿಕೊಂಡರು. ಆದರೆ ಸುವಾರ್ತೆಗಳಿರುವ ಬೈಬಲಿನ ಎರಡನೇ ಭಾಗ, ಹೊಸ ಒಡಂಬಡಿಕೆಯಲ್ಲಿ ಈಗಿರುವ ಸಂಖ್ಯೆಗಳನ್ನು ಹಾಕಿದ್ದೇ 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಮಾರ್ಕ ಬರೆದಾಗ ಅವು ಇರಲಿಲ್ಲ ಅಲ್ವಾ? ಸಂಖ್ಯೆ ಇಲ್ಲದಿದ್ದರೆ ಇಷ್ಟವಾದ ಒಂದು ವಚನ ಹಿಡಿದುಕೊಂಡು ಮಿಕ್ಕಿದ್ದನ್ನು ಬಿಡೋಕಾಗಲ್ಲ, ಮೊದಲಿಂದ ಕೊನೇವರೆಗೂ ಓದಲೇಬೇಕು.

ಒಬ್ಬರು ಜೋರಾಗಿ ಓದುತ್ತಾರೆ. ಆಮೇಲೆ ಎಲ್ಲರೂ ಸುಮ್ನೆ ಕೂತು ಗುರುತು ಹಾಕುತ್ತಾರೆ: ಮತ್ತೆ ಮತ್ತೆ ಬರುವ ಮಾತಿಗೆ ಕೆಂಪು, ಜನರಿಗೆ ನೀಲಿ, ಊರು ಮತ್ತು ಹೊತ್ತಿಗೆ ಹಸಿರು. ಐದನೇ ಅಧ್ಯಾಯದ ದಿನ, ಯಾವತ್ತೂ ಬಾಯಿ ಬಿಡದ ಒಬ್ಬ ಅಕ್ಕ ಹಿಂದಿನ ಬೆಂಚಿನಿಂದ, 'ಹನ್ನೆರಡು ವರ್ಷ ಅಂತ ಎರಡು ಸಲ ಇದೆ' ಅಂದರು. ಸಾಯುವ ಸ್ಥಿತಿಯಲ್ಲಿರುವ ಮಗಳನ್ನು ಉಳಿಸು ಅಂತ ಯಾಯೀರ ಎಂಬಾತ ಯೇಸುವನ್ನು ಕರೆದುಕೊಂಡು ಹೋಗುವಾಗ, ದಾರಿಯಲ್ಲಿ ರಕ್ತಸ್ರಾವದ ಒಬ್ಬ ಹೆಂಗಸು ಸಿಗುತ್ತಾಳೆ. ಆಕೆ ನರಳಿದ್ದು ಹನ್ನೆರಡು ವರ್ಷ, ಯಾಯೀರನ ಮಗಳ ವಯಸ್ಸೂ ಹನ್ನೆರಡು. ಆ ಹುಡುಗಿ ಬೆಳೆದಷ್ಟು ಕಾಲವೂ ಈಕೆ ಕಾಯಿಲೆಯಲ್ಲೇ ಕಳೆದಿದ್ದಾಳೆ. ಆಮೇಲೆ ಇನ್ನೊಬ್ಬರು ತೋರಿಸಿದರು, ಯಾಯೀರ ತನ್ನ ಮಗಳಿಗಾಗಿ ಬೇಡುತ್ತಿದ್ದಾನೆ, ಆದರೆ ಯೇಸು ದಾರಿಯಲ್ಲಿ ನಿಂತು 'ಮಗಳೇ' ಅಂತ ಕರೆಯೋದು ಈ ಹೆಂಗಸನ್ನ, ಅಪ್ಪನ ಜೀವ ಒದ್ದಾಡುತ್ತಿರುವ ಹೊತ್ತಲ್ಲೇ. ಪಾಸ್ಟರ್ ಇದನ್ನು ಹೇಳಿಕೊಟ್ಟಿದ್ದಲ್ಲ, ಜನರೇ ಕಂಡುಕೊಂಡಿದ್ದು. ಆ ಅಕ್ಕ ಈಗ ಪ್ರತಿ ವಾರ ಮಾತಾಡುತ್ತಾರೆ.

ಪಾಸ್ಟರ್ ಕೇಳುವ ಪ್ರಶ್ನೆ ಮೂರೇ: ಏನು ಬರೆದಿದೆ, ಆಗಿನವರಿಗೆ ಏನು ಅರ್ಥವಾಗಿರಬೇಕು, ನಾವೇನು ಮಾಡಬೇಕು. ಕೊರತೆ ಇರೋದು ಮೂರನೆಯದರಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಎಂಟಾಗಿರುತ್ತದೆ, ಅವಸರದಲ್ಲಿ ಪ್ರಾರ್ಥನೆ ಮಾಡಿ ಎದ್ದುಬಿಡುತ್ತೇವೆ. ಭಾಗವನ್ನು ಚಿಕ್ಕದು ಮಾಡಿದರೂ ಪರವಾಗಿಲ್ಲ, ಈ ಪ್ರಶ್ನೆಗೆ ಸಮಯ ಸಿಗಬೇಕು. ಓದೋಕೆ ಬಾರದವರಿಗಾಗಿ ಎರಡನೇ ಸಲವೂ ಜೋರಾಗಿ ಓದಿದರೆ ಒಳ್ಳೆಯದು. ಚಿಕ್ಕ ಮಕ್ಕಳಿರುವ ತಾಯಂದಿರು ಹೊರಗೇ ಉಳಿಯುತ್ತಾರೆ, ಸಂಡೇ ಸ್ಕೂಲ್ ಟೀಚರ್‌ಗಳು ಮಕ್ಕಳನ್ನು ನೋಡಿಕೊಳ್ಳಲು ಮನಸ್ಸು ಮಾಡಿದರೆ ಅದೂ ಸರಿಹೋಗುತ್ತದೆ.

ನಿಮ್ಮ ಸಭೆಯಲ್ಲೂ ಶುರು ಮಾಡೋದಾದರೆ ದೊಡ್ಡ ಖರ್ಚೇನಿಲ್ಲ, ಜೆರಾಕ್ಸ್ ದುಡ್ಡು ಮತ್ತು ಒಂದೆರಡು ಪೆನ್ಸಿಲ್ ಡಬ್ಬಿ ಸಾಕು. ಐದಾರು ಜನರ ಗುಂಪು ಮಾಡಿ. ಜಾಸ್ತಿಯಾದರೆ ಇಬ್ಬರೇ ಮಾತಾಡುತ್ತಾರೆ.