ಎರಡು ‘ಟ್ರೂ ಗ್ರಿಟ್’: 1969ರ ರೂಸ್ಟರ್, 2010ರ ಮ್ಯಾಟಿ

ಚಾರ್ಲ್ಸ್ ಪೋರ್ಟಿಸ್ ಅವರ ‘ಟ್ರೂ ಗ್ರಿಟ್’ ಕಾದಂಬರಿ 1968ರಲ್ಲಿ ಪ್ರಕಟವಾಯಿತು. ಮರುವರ್ಷವೇ ಹೆನ್ರಿ ಹ್ಯಾಥವೇ ಅದನ್ನು ಜಾನ್ ವೇನ್ ಅವರಿಗಾಗಿ ತೆರೆಗೆ ತಂದರು. ನಾಲ್ಕು ದಶಕಗಳ ನಂತರ, 2010ರಲ್ಲಿ, ಜೋಯಲ್ ಮತ್ತು ಈಥನ್ ಕೋಯೆನ್ ಸಹೋದರರು ಅದೇ ಕಥೆಯನ್ನು ಜೆಫ್ ಬ್ರಿಜಸ್ ಮತ್ತು ಹೇಲಿ ಸ್ಟೈನ್‌ಫೆಲ್ಡ್ ಅವರೊಂದಿಗೆ ಮತ್ತೆ ಕೈಗೆತ್ತಿಕೊಂಡರು. ಅರ್ಕಾನ್ಸಾದ ಹದಿನಾಲ್ಕರ ಹುಡುಗಿ ಮ್ಯಾಟಿ ರಾಸ್ ತನ್ನ ತಂದೆಯನ್ನು ಫೋರ್ಟ್ ಸ್ಮಿತ್ ಪಟ್ಟಣದಲ್ಲಿ ಗುಂಡಿಟ್ಟು ಕೊಂದ ಟಾಮ್ ಚೇನಿಯನ್ನು ಹಿಡಿಸಲು ಒಕ್ಕಣ್ಣಿನ, ಕುಡುಕ ಮಾರ್ಷಲ್ ರೂಸ್ಟರ್ ಕಾಗ್‌ಬರ್ನ್‌ನನ್ನು ಹಣಕೊಟ್ಟು ಗೊತ್ತುಮಾಡಿಕೊಳ್ಳುತ್ತಾಳೆ; ಲಬೀಫ್ ಎಂಬ ಟೆಕ್ಸಾಸ್ ರೇಂಜರ್, ಅಂದರೆ ಆ ರಾಜ್ಯದ ಪೊಲೀಸ್ ಪಡೆಯವನು, ಅವರ ಜೊತೆ ಸೇರುತ್ತಾನೆ; ಮೂವರೂ ಅಮೆರಿಕದ ಮೂಲನಿವಾಸಿಗಳಿಗೆ ಬಿಟ್ಟಿದ್ದ ಇಂಡಿಯನ್ ಟೆರಿಟರಿಯೊಳಕ್ಕೆ ಕುದುರೆ ಏರಿ ಹೊರಡುತ್ತಾರೆ. ಎರಡೂ ಚಿತ್ರಗಳ ಕಥೆ ಇಷ್ಟೇ, ಬಹುಪಾಲು ಸಂಭಾಷಣೆಯೂ ಕಾದಂಬರಿಯಿಂದಲೇ ಬಂದದ್ದು. ಆದರೂ ಇವೆರಡನ್ನೂ ನೋಡಿ ಮುಗಿಸಿದಾಗ ಒಂದೇ ಕಥೆಯನ್ನು ಎರಡು ಸಲ ಕೇಳಿದಂತೆ ಅನಿಸುವುದಿಲ್ಲ. ಹಳೆಯ ಚಿತ್ರ ರೂಸ್ಟರ್‌ನದು, ಹೊಸದು ಮ್ಯಾಟಿಯದು. ಉಳಿದ ಎಲ್ಲ ವ್ಯತ್ಯಾಸಗಳೂ ಈ ಒಂದು ಆಯ್ಕೆಯಿಂದಲೇ ಹುಟ್ಟಿವೆ ಎಂಬುದು ನನ್ನ ಅಭಿಪ್ರಾಯ.

ಹೋಲಿಸಿ ನೋಡುವುದಕ್ಕೆ ನಾನು ಅನುಸರಿಸಿದ ಕ್ರಮ ಸರಳವಾದದ್ದು. ಮೊದಲು ಎರಡನ್ನೂ ಇಡಿಯಾಗಿ ನೋಡಿ, ನಡುವೆ ಕಾದಂಬರಿಯನ್ನು ಓದಿ, ಆಮೇಲೆ ಒಂದೇ ಸನ್ನಿವೇಶವನ್ನು ಎರಡೂ ಚಿತ್ರಗಳಲ್ಲಿ ಬೆನ್ನುಬೆನ್ನಿಗೆ ಹಾಕಿಕೊಂಡು ಗಮನಿಸಿದೆ. ಇಡಿಯಾಗಿ ನೋಡುವಾಗ ಕಥೆಯ ಓಟದಲ್ಲಿ ಕಣ್ಣಿಗೆ ಬೀಳದ ಸಣ್ಣ ನಿರ್ಧಾರಗಳು, ಕ್ಯಾಮೆರಾ ಯಾರ ಮುಖದ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತದೆ, ಯಾರ ಮಾತಿಗೆ ದೃಶ್ಯ ಮುಗಿಯುತ್ತದೆ ಎಂಬಂಥವು, ಹೀಗೆ ನೋಡಿದಾಗ ಸ್ಪಷ್ಟವಾಗಿ ಕಾಣುತ್ತವೆ.

ಮೊದಲು ರೂಸ್ಟರ್‌ನ ವಿಷಯ. ಈ ಪಾತ್ರ ಮಾಡುವಾಗ ವೇನ್ ಅವರಿಗೆ ಅರವತ್ತೊಂದು ವರ್ಷ. 1964ರಲ್ಲಿ ಕ್ಯಾನ್ಸರ್‌ನಿಂದಾಗಿ ಒಂದು ಶ್ವಾಸಕೋಶವನ್ನೇ ತೆಗೆಸಿಕೊಂಡಿದ್ದವರು. ಮೂರು ದಶಕಗಳಿಗೂ ಮಿಕ್ಕಿ ಅವರು ಕಟ್ಟಿಕೊಂಡು ಬಂದಿದ್ದ ನೆಟ್ಟಗಿನ, ಸೋಲದ ನಾಯಕನ ಮೂರ್ತಿಯನ್ನು ಇಲ್ಲಿ ಅವರೇ ಕೈಯಾರೆ ಸಡಿಲಿಸುತ್ತಾರೆ. ಹೊಟ್ಟೆ ಮುಂದೆ ಬಂದಿದೆ, ಎಡಗಣ್ಣಿನ ಮೇಲೆ ಪಟ್ಟಿ ಇದೆ, ಕುಡಿದು ಕುದುರೆಯಿಂದ ಬಿದ್ದವನು ಎದ್ದೇಳುವ ಗೋಜಿಗೆ ಹೋಗದೆ ಇಂದು ಇಲ್ಲೇ ಬಿಡಾರ ಎಂದು ಘೋಷಿಸುತ್ತಾನೆ. ಪ್ರೇಕ್ಷಕರು ತನ್ನನ್ನು ಎಷ್ಟು ಬಲ್ಲರು ಎಂಬ ಅರಿವು ನಟನಿಗಿದೆ. ಆ ಪರಿಚಯದ ಮೇಲೆಯೇ ಅಭಿನಯ ನಿಂತಿದೆ. ಆ ವರ್ಷದ ಅತ್ಯುತ್ತಮ ನಟ ಆಸ್ಕರ್ ವೇನ್ ಅವರಿಗೆ ಬಂತು. ಸ್ಪರ್ಧೆಯಲ್ಲಿ ಡಸ್ಟಿನ್ ಹಾಫ್‌ಮನ್, ಜಾನ್ ವಾಯ್ಟ್, ರಿಚರ್ಡ್ ಬರ್ಟನ್, ಪೀಟರ್ ಓ’ಟೂಲ್ ಇದ್ದರು. ಅದು ಜೀವಮಾನದ ಸಾಧನೆಗೆ ಕೊಟ್ಟ ಗೌರವವೇ ಹೊರತು ಈ ಪಾತ್ರಕ್ಕಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ದರೋಡೆಕೋರ ನೆಡ್ ಪೆಪ್ಪರ್‌ನ ತಂಡಕ್ಕಾಗಿ ಕತ್ತಲಲ್ಲಿ ಹೊಂಚುಹಾಕಿ ಕುಳಿತಿರುವಾಗ ರೂಸ್ಟರ್ ತನ್ನ ಹಿಂದಿನ ಬದುಕಿನ ಬಗ್ಗೆ ಮ್ಯಾಟಿಗೆ ಹೇಳುವ ಮಾತುಗಳನ್ನು ಕೇಳಬೇಕು. ಇಲಿನಾಯ್‌ನ ಕೈರೋದಲ್ಲಿ ತಾನು ನಡೆಸುತ್ತಿದ್ದ ಊಟದ ಮನೆ, ಬಿಟ್ಟುಹೋದ ಹೆಂಡತಿ, ತನ್ನನ್ನು ಎಂದೂ ಇಷ್ಟಪಡದ ಮಗ, ಎಲ್ಲವನ್ನೂ ವೇನ್ ದನಿ ಏರಿಸದೆ, ಕನಿಕರ ಬೇಡದೆ ಹೇಳಿಬಿಡುತ್ತಾರೆ. ಇಷ್ಟು ಬಿಚ್ಚುಮನಸ್ಸಿನ ವೇನ್ ಅವರನ್ನು ಬೇರೆ ಕಡೆ ನಾನು ಹೆಚ್ಚು ಕಂಡಿಲ್ಲ.

ಅದೇ ಕಥೆಯನ್ನು ಬ್ರಿಜಸ್ ಕುದುರೆಯ ಮೇಲೆ ಕುಳಿತು, ಅರೆಮತ್ತಿನಲ್ಲಿ, ಕೇಳುವವರಿದ್ದಾರೋ ಇಲ್ಲವೋ ಎಂಬ ಪರಿವೆ ಇಲ್ಲದೆ ಒದರುತ್ತಾ ಹೋಗುತ್ತಾರೆ. ನಗು ಬರುತ್ತದೆ, ಆದರೆ ಹೃದಯಕ್ಕೆ ತಟ್ಟುವುದಿಲ್ಲ. ಈ ಒಂದು ದೃಶ್ಯದಲ್ಲಿ ಹಳೆಯ ಚಿತ್ರವೇ ಮೇಲು ಎನ್ನಲು ನನಗೆ ಸಂಕೋಚವಿಲ್ಲ. ಬ್ರಿಜಸ್ ಅವರ ಬಲ ಬೇರೆಡೆ ಇದೆ. ವೇನ್‌ನ ರೂಸ್ಟರ್ ಹಗಲು ಬೆಳಕಿನಲ್ಲಿ, ನಾವು ಬಲ್ಲ ನಾಯಕನಾಗಿಯೇ ನಮ್ಮೆದುರಿಗೆ ಬರುತ್ತಾನೆ. ಬ್ರಿಜಸ್‌ನ ರೂಸ್ಟರ್ ಮೊದಲು ಶೌಚದ ಗೂಡಿನ ಮುಚ್ಚಿದ ಬಾಗಿಲಾಚೆಯ ಒರಟು ದನಿ ಮಾತ್ರ. ಆಮೇಲೆ ನ್ಯಾಯಾಲಯದ ಕಟಕಟೆಯಲ್ಲಿ, ಹಿಂದಿನ ಕಿಟಕಿಯಿಂದ ಬೀಳುವ ದೂಳು ತುಂಬಿದ ಬೆಳಕಿಗೆ ಎದುರಾಗಿ, ಮುಖ ಕಾಣದ ಕರಿಯ ಆಕೃತಿ. ಜನರ ತಲೆಗಳ ನಡುವೆ ಇಣುಕುತ್ತಾ ಮ್ಯಾಟಿ ಮುಂದಕ್ಕೆ ಬಂದ ಹಾಗೆಲ್ಲ ನಮಗೂ ಅವನು ಸ್ವಲ್ಪ ಸ್ವಲ್ಪವೇ ಕಾಣುತ್ತಾನೆ. ನಾಲ್ಕು ವರ್ಷಗಳಲ್ಲಿ 23 ಜನರನ್ನು ಗುಂಡಿಟ್ಟು ಕೊಂದದ್ದನ್ನು ಪ್ರತಿವಾದಿಯ ವಕೀಲ ಅವನ ಬಾಯಿಂದಲೇ ಹೊರಡಿಸುವಾಗ, ಬ್ರಿಜಸ್ ಅದನ್ನು ಹೆಮ್ಮೆಯಿಂದಲೂ ಹೇಳುವುದಿಲ್ಲ, ನಾಚಿಕೆಯಿಂದಲೂ ಹೇಳುವುದಿಲ್ಲ. ಈ ಮನುಷ್ಯನನ್ನು ನಂಬಬಹುದೇ ಎಂಬ ಪ್ರಶ್ನೆ ವೇನ್ ಅವರ ಚಿತ್ರದಲ್ಲಿ ಏಳುವುದೇ ಇಲ್ಲ. ಕೋಯೆನ್ ಸಹೋದರರ ಚಿತ್ರದಲ್ಲಿ ಅದು ಬಹುದೂರದವರೆಗೆ ನಮ್ಮ ಜೊತೆಗೇ ಬರುತ್ತದೆ. ಅದರಿಂದಾಗಿಯೇ, ಕೊನೆಯಲ್ಲಿ ಅವನು ಹಾವು ಕಚ್ಚಿದ ಹುಡುಗಿಯನ್ನು ಹೊತ್ತು ಓಡುವಾಗ ಆ ಓಟಕ್ಕೆ ಬೆಲೆ ಬರುತ್ತದೆ.

ಆದರೆ ನಿಜವಾದ ಅಂತರ ಇರುವುದು ಮ್ಯಾಟಿಯಲ್ಲಿ. ಕಾದಂಬರಿ ಇಡಿಯಾಗಿ ಅವಳ ಬಾಯಿಂದಲೇ ಬರುವ ಕಥನ: ವಯಸ್ಸಾದ, ಮದುವೆಯಾಗದ, ಲೆಕ್ಕದಲ್ಲಿ ಕಟ್ಟುನಿಟ್ಟಿನ, ದೈವಭಕ್ತಿಯ ಹೆಂಗಸೊಬ್ಬಳು ತನ್ನ ಹದಿನಾಲ್ಕನೆಯ ವಯಸ್ಸಿನ ಚಳಿಗಾಲವನ್ನು ನೆನೆಯುತ್ತಾಳೆ. 1969ರ ಚಿತ್ರ ಈ ದನಿಯನ್ನು ಕೈಬಿಟ್ಟು, ರಾಸ್ ಕುಟುಂಬದ ಹೊಲಮನೆಯಿಂದ, ತಂದೆ ಇನ್ನೂ ಬದುಕಿರುವಾಗಲೇ ಕಥೆಯನ್ನು ಆರಂಭಿಸುತ್ತದೆ. 2010ರ ಚಿತ್ರದ ಮೊದಲ ಕ್ಷಣದಲ್ಲೇ ವಯಸ್ಕಳಾದ ಮ್ಯಾಟಿಯ ದನಿ ಕೇಳುತ್ತದೆ. ತೆರೆಯ ಮೇಲೆ ಹಿಮ ಬೀಳುತ್ತಿದೆ, ಮನೆಯ ಮುಂದೆ ಹೆಣ ಬಿದ್ದಿದೆ. ತಂದೆಯನ್ನು ನಾವು ಬದುಕಿರುವಂತೆ ನೋಡುವುದೇ ಇಲ್ಲ. ಅವಳಿಗೆ ಉಳಿದಿರುವುದು ಏನೋ ನಮಗೂ ಅಷ್ಟೇ ಸಿಗುತ್ತದೆ.

ಕಿಮ್ ಡಾರ್ಬಿ 1969ರಲ್ಲಿ ಮ್ಯಾಟಿಯನ್ನು ಮಾಡುವಾಗ ಅವರಿಗೆ ಇಪ್ಪತ್ತೊಂದು ವರ್ಷ. ಚುರುಕಾದ, ಪ್ರಾಮಾಣಿಕವಾದ ಅಭಿನಯ ಅವರದು. ಅದನ್ನು ಹೀಗಳೆಯುವುದು ರೂಢಿಯಾಗಿಬಿಟ್ಟಿರುವುದು ನನಗೆ ಸರಿಯೆನಿಸುವುದಿಲ್ಲ. ಆದರೆ ಗಿಡ್ಡ ಕೂದಲಿನ ಯುವತಿಯೊಬ್ಬಳು ಹಟ ಹಿಡಿದರೆ ಅದು ಹಟವಾಗಿ ಮಾತ್ರ ಕಾಣುತ್ತದೆ, ಮಗುವೊಂದು ದೊಡ್ಡವರ ಲೋಕದ ಕಾನೂನನ್ನು ಅವರಿಗೇ ಓದಿ ಹೇಳುವ ವಿಚಿತ್ರ ಅಲ್ಲಿ ಮೂಡುವುದಿಲ್ಲ. ಚಿತ್ರೀಕರಣದ ಹೊತ್ತಿಗೆ ಸ್ಟೈನ್‌ಫೆಲ್ಡ್ ಅವರಿಗೆ ಹದಿಮೂರು. ತಂದೆಯ ದೊಗಲೆ ಕೋಟು, ಕಾಗದ ತುರುಕಿ ತಲೆಗೆ ಕೂರಿಸಿಕೊಂಡ ಹ್ಯಾಟು, ಬಿಗಿಯಾಗಿ ಹೆಣೆದ ಎರಡು ಜಡೆ. ಲಬೀಫ್ ಅವಳ ಕೋಣೆಯಲ್ಲಿ ಕುಳಿತು, ಒಂದು ಮುತ್ತು ಕದಿಯಬೇಕೆಂದುಕೊಂಡಿದ್ದೆ ಎಂದು ಹೇಳುವ ಮಾತು ಎರಡೂ ಚಿತ್ರಗಳಲ್ಲಿದೆ. ಡಾರ್ಬಿಗೆ ಹೇಳಿದಾಗ ಅದು ಒರಟು ಸರಸದಂತೆ ಕೇಳಿಸುತ್ತದೆ. ಸ್ಟೈನ್‌ಫೆಲ್ಡ್‌ಗೆ ಹೇಳಿದಾಗ ಕೋಣೆಯ ಗಾಳಿಯೇ ಬದಲಾಗುತ್ತದೆ, ಈ ಹುಡುಗಿ ಎಂಥ ಗಂಡಸರ ನಡುವೆ ಒಬ್ಬಳೇ ಇದ್ದಾಳೆ ಎಂಬುದು ಥಟ್ಟನೆ ಅರಿವಿಗೆ ಬರುತ್ತದೆ.

ಕುದುರೆ ವ್ಯಾಪಾರಿ ಸ್ಟೋನ್‌ಹಿಲ್ ಜೊತೆಗಿನ ಚೌಕಾಶಿಯನ್ನು ನಾನು ಎಲ್ಲಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ತಂದೆ ಕೊಂಡಿದ್ದ ಕುದುರೆಮರಿಗಳನ್ನು ಅವನೇ ಹಿಂದಕ್ಕೆ ಕೊಳ್ಳಬೇಕು, ಅವನ ಲಾಯದಿಂದ ಕಳುವಾದ ಕುದುರೆಗೂ ಬೆಲೆ ಕಟ್ಟಿಕೊಡಬೇಕು ಎಂಬುದು ಅವಳ ಪಟ್ಟು. ಹಳೆಯ ಚಿತ್ರದಲ್ಲಿ ಈ ದೃಶ್ಯವನ್ನು ಗೆಲ್ಲುವವರು ಸ್ಟ್ರೋದರ್ ಮಾರ್ಟಿನ್: ಆ ಕೀರಲು ದನಿ, ಅನ್ಯಾಯಕ್ಕೊಳಗಾದ ಮುಖಭಾವ, ಹೆಜ್ಜೆ ಹೆಜ್ಜೆಗೂ ಕುಗ್ಗುವ ಆತ್ಮವಿಶ್ವಾಸ. ಆ ಚಿತ್ರದ ಪೋಷಕ ಪಾತ್ರಗಳಲ್ಲಿ ಅದಕ್ಕಿಂತ ಸೊಗಸಾದದ್ದು ಇನ್ನೊಂದಿಲ್ಲ. ಹೊಸ ಚಿತ್ರದಲ್ಲಿ ಡೇಕಿನ್ ಮ್ಯಾಥ್ಯೂಸ್ ಕೂಡ ಚೆನ್ನಾಗಿಯೇ ಮಾಡಿದ್ದಾರೆ, ಆದರೆ ಅಲ್ಲಿ ಕಣ್ಣು ಹುಡುಗಿಯನ್ನು ಬಿಟ್ಟು ಕದಲುವುದಿಲ್ಲ. ಸ್ಟೈನ್‌ಫೆಲ್ಡ್ ದನಿಯನ್ನು ಎತ್ತರಿಸುವುದಿಲ್ಲ, ಮುಗುಳ್ನಗುವುದಿಲ್ಲ, ಗೆದ್ದ ಮೇಲೂ ಗೆದ್ದೆನೆಂದು ತೋರಿಸಿಕೊಳ್ಳುವುದಿಲ್ಲ. ವಕೀಲ ಡ್ಯಾಗೆಟ್‌ನ ಹೆಸರನ್ನು ಕಾನೂನಿನ ಕಲಮಿನಂತೆ ಮುಂದಿಡುತ್ತಾರೆ. ಪೋರ್ಟಿಸ್ ಬರೆದ ಆ ನಿಯಮಬದ್ಧವಾದ, ಸಂಕ್ಷೇಪ ರೂಪಗಳಿಲ್ಲದ ಹಳೆಯ ಶೈಲಿಯ ಇಂಗ್ಲಿಷ್ ಬಾಯಿಪಾಠದಂತೆ ಕೇಳಿಸುವ ಅಪಾಯವಿತ್ತು. ಅವರ ಬಾಯಲ್ಲಿ ಅದು ಬೈಬಲ್ಲು ಮತ್ತು ಲೆಕ್ಕದ ಪುಸ್ತಕ ಓದಿಯೇ ಬೆಳೆದ ಹುಡುಗಿಯ ಸಹಜ ಮಾತಾಗಿದೆ. ಆಸ್ಕರ್‌ನಲ್ಲಿ ಈ ಅಭಿನಯವನ್ನು ಪೋಷಕ ನಟಿಯರ ಸಾಲಿಗೆ ಸೇರಿಸಿದ್ದು ಇಂದಿಗೂ ನನಗೆ ಅಸಮಾಧಾನದ ವಿಷಯ. ಇಡೀ ಚಿತ್ರ ಅವಳ ಕಣ್ಣಿನಿಂದ ಕಾಣುವಾಗ ಅವಳು ಯಾರಿಗೆ ಪೋಷಕ? ಆ ಚಿತ್ರಕ್ಕೆ ಹತ್ತು ನಾಮನಿರ್ದೇಶನಗಳು ದೊರೆತವು, ಒಂದೂ ಪ್ರಶಸ್ತಿ ಬರಲಿಲ್ಲ.

ಚೇನಿಯನ್ನು ಕೊಲ್ಲುವವರು ಯಾರು ಎಂಬುದೂ ಇದೇ ಮಾತನ್ನು ಹೇಳುತ್ತದೆ. ಹಳೆಯ ಚಿತ್ರದಲ್ಲಿ ಮ್ಯಾಟಿ ಗುಂಡು ಹಾರಿಸುತ್ತಾಳೆ, ಅದರ ಹಿಮ್ಮೊಗದ ಒದೆತಕ್ಕೆ ಹಾವುಗಳ ಗುಂಡಿಗೆ ಬೀಳುತ್ತಾಳೆ, ಚೇನಿಯ ಪ್ರಾಣ ತೆಗೆಯುವ ಕೆಲಸ ರೂಸ್ಟರ್‌ನ ಪಾಲಿಗೆ ಬರುತ್ತದೆ. ಹೊಸ ಚಿತ್ರದಲ್ಲಿ ಅವಳ ಗುಂಡೇ ಚೇನಿಯನ್ನು ಮುಗಿಸುತ್ತದೆ, ಅದೇ ಗುಂಡಿನ ಒದೆತ ಅವಳನ್ನು ಗುಂಡಿಗೆ ತಳ್ಳುತ್ತದೆ. ಸೇಡು ತೀರಿದ ಕ್ಷಣವೂ ಅದರ ಬೆಲೆ ತೆರಬೇಕಾದ ಕ್ಷಣವೂ ಹೀಗೆ ಒಂದೇ ಆಗಿಬಿಡುತ್ತದೆ.

ಲಬೀಫ್ ಪಾತ್ರದಲ್ಲಿ ಸ್ಪರ್ಧೆಯೇ ಇಲ್ಲ. ಗ್ಲೆನ್ ಕ್ಯಾಂಪ್‌ಬೆಲ್ ಜನಪ್ರಿಯ ಗಾಯಕರು, ಅವರು ಹಾಡಿದ ಶೀರ್ಷಿಕೆ ಗೀತೆ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು, ಆದರೆ ನಟನೆಯಲ್ಲಿ ಅವರು ವೇನ್ ಅವರ ಪಕ್ಕದಲ್ಲಿ ನಿಂತಿರುತ್ತಾರೆ ಅಷ್ಟೆ. ಮ್ಯಾಟ್ ಡೇಮನ್ ಆ ರೇಂಜರ್‌ನ ಜಂಬವನ್ನೂ ಅದರ ಅಡಿಯಲ್ಲಿರುವ ಪ್ರಾಮಾಣಿಕತೆಯನ್ನೂ ಒಟ್ಟಿಗೇ ತರುತ್ತಾರೆ. ನಾಲಿಗೆ ಕಚ್ಚಿಕೊಂಡು ಗಾಯವಾದ ಮೇಲೆ ತೊದಲುತ್ತಲೇ ಮಾತು ನಿಲ್ಲಿಸದ ಆ ಮನುಷ್ಯನ ಮೇಲೆ ನಮಗೆ ಅರಿವಿಲ್ಲದೆಯೇ ಪ್ರೀತಿ ಹುಟ್ಟುತ್ತದೆ. ಖಳರ ಕಡೆ ತಕ್ಕಡಿ ಸಮವಾಗಿದೆ. ರಾಬರ್ಟ್ ಡುವಾಲ್ ಅವರ ನೆಡ್ ಪೆಪ್ಪರ್ ಕಸುಬು ಬಲ್ಲ ದರೋಡೆಕೋರ, ಶಾಂತ, ಅಪಾಯಕಾರಿ; ಬ್ಯಾರಿ ಪೆಪ್ಪರ್ ಅವರು ಅದೇ ಪಾತ್ರವನ್ನು ಕೊಳೆತ ಹಲ್ಲು, ಉಗುಳು ಚಿಮ್ಮುವ ಮಾತಿನೊಡನೆ ಬೇರೆಯೇ ಆಗಿಸಿದ್ದಾರೆ, ಇಬ್ಬರಲ್ಲಿಯೂ ಮ್ಯಾಟಿಯ ಬಗ್ಗೆ ಒಂದು ವಿಚಿತ್ರ ಗೌರವವಿದೆ. ಚೇನಿಯಾಗಿ ಜೋಶ್ ಬ್ರೋಲಿನ್ ನನಗೆ ಜೆಫ್ ಕೋರಿಗಿಂತ ಹೆಚ್ಚು ಹಿಡಿಸಿದರು: ಇಷ್ಟು ಅಲೆದು ಹುಡುಕಿದ ಕೊಲೆಗಾರ ಕೊನೆಗೆ ಮಂದಬುದ್ಧಿಯ, ಸದಾ ಗೊಣಗುವ ಕ್ಷುದ್ರ ಮನುಷ್ಯನಾಗಿ ಕಾಣಿಸಿದಾಗ ಮ್ಯಾಟಿಗೆ ಆಗುವ ಆಘಾತ ನಮಗೂ ಆಗುತ್ತದೆ.

ಹುಲ್ಲುಗಾವಲಿನ ಕಾಳಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರೂಸ್ಟರ್ ಲಗಾಮನ್ನು ಹಲ್ಲಿನಲ್ಲಿ ಕಚ್ಚಿಹಿಡಿದು, ಎರಡೂ ಕೈಯಲ್ಲಿ ಆಯುಧ ಹಿಡಿದು, ನಾಲ್ವರ ಎದುರಿಗೆ ಒಬ್ಬನೇ ಕುದುರೆ ನುಗ್ಗಿಸುತ್ತಾನೆ. ವೇನ್ ಒಂದು ಕೈಯಲ್ಲಿ ರೈಫಲ್ ತಿರುಗಿಸುತ್ತಾ, ಇನ್ನೊಂದರಲ್ಲಿ ರಿವಾಲ್ವರ್ ಹಿಡಿದು ಬರುತ್ತಾರೆ. ಬ್ರಿಜಸ್ ಕಾದಂಬರಿಯಲ್ಲಿರುವಂತೆ ಎರಡು ರಿವಾಲ್ವರ್ ಹಿಡಿಯುತ್ತಾರೆ. ಕೋಯೆನ್ ಸಹೋದರರು ದೃಶ್ಯವನ್ನು ದೂರದಿಂದ, ಗುಡ್ಡದ ಮೇಲಿರುವ ಮ್ಯಾಟಿ ಮತ್ತು ಲಬೀಫ್ ಇಬ್ಬರ ನೋಟದಲ್ಲಿ ಕಟ್ಟಿದ್ದಾರೆ, ಅದು ಅವರ ಚಿತ್ರಕ್ಕೆ ನಿಷ್ಠವಾದ ಆಯ್ಕೆ. ಹಾಗಿದ್ದರೂ ಕೊಲೊರಾಡೋದ ರಿಜ್‌ವೇ ಬಳಿಯ ಆ ಬಯಲಿನಲ್ಲಿ, ಶರತ್ಕಾಲದ ಹಳದಿ ಆಸ್ಪೆನ್ ಮರಗಳ ನಡುವೆ, ಲೂಸಿಯನ್ ಬ್ಯಾಲರ್ಡ್ ಅವರ ಕ್ಯಾಮೆರಾದ ಮುಂದೆ ವೇನ್ ನುಗ್ಗುವಾಗ ಮೈ ನವಿರೇಳುತ್ತದೆ. ಡುವಾಲ್ ದಪ್ಪ ಒಕ್ಕಣ್ಣನೆಂದು ಹೀಯಾಳಿಸಿದ್ದಕ್ಕೆ ವೇನ್ ಕೊಡುವ ಉತ್ತರದಲ್ಲಿ ಒಬ್ಬ ಮುದಿ ಮಾರ್ಷಲ್‌ನ ಕೋಪವಷ್ಟೇ ಅಲ್ಲ, ಒಂದು ಇಡೀ ಚಿತ್ರಪರಂಪರೆಯ ಗತ್ತೂ ಇದೆ. ಅದನ್ನು ಮರುನಿರ್ಮಾಣ ಮಾಡಲು ಸಾಧ್ಯವಿರಲಿಲ್ಲ, ಏಕೆಂದರೆ 2010ರಲ್ಲಿ ಅಂಥ ಪರಂಪರೆಯನ್ನು ಹೆಗಲ ಮೇಲೆ ಹೊತ್ತ ನಟರು ಉಳಿದಿರಲಿಲ್ಲ.

ಕೊಲೊರಾಡೋದ ಹಿಮಶಿಖರಗಳು ಎಷ್ಟೇ ಚೆಲುವಾಗಿದ್ದರೂ ಅರ್ಕಾನ್ಸಾ ಗಡಿಯ ನಾಡಿಗೆ ಹೊಂದುವುದಿಲ್ಲ. ನ್ಯೂ ಮೆಕ್ಸಿಕೋ ಮತ್ತು ಟೆಕ್ಸಾಸ್‌ನಲ್ಲಿ ರೋಜರ್ ಡೀಕಿನ್ಸ್ ಚಿತ್ರಿಸಿದ ಬೋಳು ಮರಗಳ, ಬೂದುಬಣ್ಣದ ಚಳಿಗಾಲ ಕಥೆಗೆ ಹೆಚ್ಚು ಹತ್ತಿರ. ಎಲ್ಮರ್ ಬರ್ನ್‌ಸ್ಟೈನ್ ಅವರ ಸಂಗೀತ ಸಾಹಸಕ್ಕೆ ಕರೆಯುತ್ತದೆ. ಕಾರ್ಟರ್ ಬರ್ವೆಲ್ ಹಳೆಯ ಚರ್ಚಿನ ಪ್ರಾರ್ಥನಾ ಗೀತೆಗಳನ್ನು ಆಧರಿಸಿ ಕಟ್ಟಿದ್ದು ಮ್ಯಾಟಿಯ ಭಕ್ತಿಯನ್ನು ಮಾತಿಲ್ಲದೆ ತಿಳಿಸುತ್ತದೆ.

ಅಂತ್ಯಗಳು ಪೂರ್ತಿ ಬೇರೆ. ಹ್ಯಾಥವೇ ಅವರ ಮ್ಯಾಟಿ ಹಾವಿನ ವಿಷದಿಂದ ಚೇತರಿಸಿಕೊಳ್ಳುತ್ತಾಳೆ, ಕುಟುಂಬದ ಸ್ಮಶಾನದಲ್ಲಿ ರೂಸ್ಟರ್‌ಗೆ ತನ್ನ ಪಕ್ಕದಲ್ಲೇ ಜಾಗ ಕೊಡುವುದಾಗಿ ಹೇಳುತ್ತಾಳೆ, ಅವನು ಕುದುರೆಯನ್ನು ಬೇಲಿಯ ಮೇಲಿಂದ ಹಾರಿಸಿ ಹೊರಟುಹೋಗುತ್ತಾನೆ. ಸಾಯುವವನು ಲಬೀಫ್. ಕೋಯೆನ್ ಸಹೋದರರು ಕಾದಂಬರಿಯನ್ನೇ ಹಿಡಿದಿದ್ದಾರೆ: ಮ್ಯಾಟಿ ತೋಳನ್ನು ಕಳೆದುಕೊಳ್ಳುತ್ತಾಳೆ, ಕಾಲು ಶತಮಾನದ ನಂತರ ರೂಸ್ಟರ್‌ನನ್ನು ನೋಡಲು ಮೆಂಫಿಸ್‌ಗೆ ಹೋದಾಗ ಅವನು ಮೂರು ದಿನಗಳ ಹಿಂದೆಯೇ ತೀರಿಕೊಂಡಿರುತ್ತಾನೆ. ಮೊದಲನೆಯದು ಒಬ್ಬ ನಟನಿಗೆ ಪ್ರೇಕ್ಷಕರು ಸಲ್ಲಿಸುವ ಪ್ರೀತಿಯ ವಂದನೆ, ಅಲ್ಲಿ ಅದು ತಪ್ಪಲ್ಲ. ಆದರೆ ಪೋರ್ಟಿಸ್ ಬರೆದ ಹುಡುಗಿಯ ಕಥೆ ಎರಡನೆಯದರಲ್ಲಿ ಮಾತ್ರ ಇದೆ.

ನೋಡಬೇಕೆನ್ನುವವರಿಗೆ ನನ್ನ ಸಲಹೆ, 1969ರದನ್ನು ಮೊದಲು ನೋಡಿ. ಹೊಸದನ್ನು ನೋಡಿದ ಮೇಲೆ ಹಳೆಯದಕ್ಕೆ ಹೋದರೆ ಡಾರ್ಬಿ ಮತ್ತು ಕ್ಯಾಂಪ್‌ಬೆಲ್ ಇಬ್ಬರಿಗೂ ಅನ್ಯಾಯವಾಗುತ್ತದೆ, ವೇನ್ ಅವರ ಅಭಿನಯದ ಸೂಕ್ಷ್ಮಗಳೂ ಕೈತಪ್ಪುತ್ತವೆ. ವೇನ್ ಅವರ ಪ್ರತಿ ಪದವೂ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಬ್ರಿಜಸ್ ಅವರದು ಗಂಟಲಲ್ಲೇ ಉರುಳುವ ಮಾತು. ಅಮೆರಿಕನ್ ಇಂಗ್ಲಿಷ್ ಕೇಳಿ ಅಭ್ಯಾಸವಿದ್ದರೂ ಉಪಶೀರ್ಷಿಕೆ ಹಾಕಿಕೊಳ್ಳುವುದು ಒಳ್ಳೆಯದು, ಇಲ್ಲವಾದರೆ ಪೋರ್ಟಿಸ್ ಅವರ ಅರ್ಧದಷ್ಟು ಒಳ್ಳೆಯ ಸಾಲುಗಳು ಕೇಳದೇ ಹೋಗುತ್ತವೆ.