ಮೂರು ವರ್ಷದ ಪ್ಯಾಕೇಜು, ನೂರೈವತ್ತು ಅಕ್ಷರದ ಕೆಲಸ

ನಮ್ಮ ಮನೆಯಲ್ಲಿ ‘ಕೌನ್ಸೆಲಿಂಗ್’ ಎಂಬ ಪದಕ್ಕೆ ಇದ್ದ ಅರ್ಥ ಒಂದೇ: ಸಿಇಟಿ ಬರೆದು, ರ‍್ಯಾಂಕ್ ಹಿಡಿದುಕೊಂಡು, ಸೀಟು ಆಯ್ಕೆಗಾಗಿ ಸರತಿಯಲ್ಲಿ ಕಾಯುವುದು. ನಾನು ಇಂಜಿನಿಯರಿಂಗ್ ಸೇರಿದ್ದು ಹಾಗೆಯೇ. ಮಗಳು ಒಂಬತ್ತನೇ ತರಗತಿ ಮುಗಿಸುವ ಹೊತ್ತಿಗೆ ಅಮೆರಿಕದಲ್ಲಿ ಪದವಿ ಓದುವ ಮಾತೆತ್ತಿದಾಗ, ಆ ಪದಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಅರ್ಥವೂ ಇದೆ, ಅದಕ್ಕೆ ಲಕ್ಷಗಳ ಲೆಕ್ಕದಲ್ಲಿ ಶುಲ್ಕವೂ ಇದೆ ಎಂಬುದು ತಿಳಿಯಿತು. ದಕ್ಷಿಣ ಬೆಂಗಳೂರಿನ ಅಂಥದೊಂದು ಸಂಸ್ಥೆಯ ಸೇವೆಯನ್ನು ನಾವು ಮೂರು ವರ್ಷ ಪಡೆದೆವು. ಕಳೆದ ಜನವರಿಯಲ್ಲಿ ಕೊನೆಯ ಅರ್ಜಿ ಹೋಯಿತು. ಸೇರುವ ಮೊದಲು ವಿಚಾರಿಸಿದ ಇನ್ನೂ ನಾಲ್ಕು ಕಡೆಗಳಲ್ಲಿ ಹೆಚ್ಚುಕಡಿಮೆ ಇದೇ ಮಾತು, ಇದೇ ಕರಪತ್ರ ಸಿಕ್ಕಿದ್ದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ವಿಮರ್ಶಿಸುತ್ತಿರುವುದು ಅವರು ಮಾರುವ ವಸ್ತುವನ್ನು, ಅಂದರೆ ‘ಪ್ರೊಫೈಲ್ ಬಿಲ್ಡಿಂಗ್’ ಎಂಬ ಹೆಸರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಪಠ್ಯೇತರ ಚಟುವಟಿಕೆಗಳನ್ನು ಆರಿಸಿಕೊಡುವ ಸೇವೆಯನ್ನು.

ಈ ಸೇವೆಗೆ ಬೇಡಿಕೆ ಏಕಿದೆ ಎಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ ಅಂಕ ಮತ್ತು ರ‍್ಯಾಂಕ್ ಬಂದರೆ ಮುಗಿಯಿತು. ಕ್ರೀಡೆ, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಂಥ ಮೀಸಲು ವರ್ಗಗಳನ್ನು ಬಿಟ್ಟರೆ, ಶಾಲೆಯ ಹೊರಗೆ ಮಗು ಏನು ಮಾಡಿತು ಎಂದು ಸಿಇಟಿಯಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕದ ಆಯ್ದು ತೆಗೆದುಕೊಳ್ಳುವ ಕಾಲೇಜುಗಳಲ್ಲಿ ಅದನ್ನು ಕೇಳುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲೆ ನಡೆದು 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನೊಂದಿಗೆ ಮುಗಿದ ಮೊಕದ್ದಮೆಯಲ್ಲಿ, ಪ್ರತಿ ಅರ್ಜಿಗೂ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆ ಬೇರೆ ಶ್ರೇಣಿ ಕೊಡುತ್ತಾರೆಂಬುದು ಬಹಿರಂಗವಾಗಿಯೇ ಚರ್ಚೆಯಾಯಿತು. ಹಾಗಾಗಿ ಹೆತ್ತವರ ಆತಂಕ ಆಧಾರವಿಲ್ಲದ್ದಲ್ಲ. ಆ ಆತಂಕವನ್ನು ಬಂಡವಾಳ ಮಾಡಿಕೊಳ್ಳುವ ರೀತಿಯ ಬಗ್ಗೆ ಮಾತ್ರ ನನ್ನ ತಕರಾರು.

ನಾವು ತೆಗೆದುಕೊಂಡ ಪ್ಯಾಕೇಜಿನ ಬೆಲೆ ನಾಲ್ಕೂವರೆ ಲಕ್ಷ ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 5,31,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕಟ್ಟಿದೆವು. ಮೊದಲ ಭೇಟಿಯಲ್ಲಿ ಹಿರಿಯ ಸಲಹೆಗಾರರೊಬ್ಬರು ಮಗಳ ಕಡೆಗೆ ಒಮ್ಮೆ ನೋಡಿ, ಆಮೇಲೆ ಒಂದು ಗಂಟೆ ನನ್ನ ಜೊತೆಗೇ ಮಾತನಾಡಿದರು. ಹೋಟೆಲಿನ ತಿಂಡಿಪಟ್ಟಿಯಂತೆ ಒಂದು ಹಾಳೆ ಮೇಜಿನ ಮೇಲೆ ಬಂತು: ಒಂದು ಸ್ವಯಂಸೇವಾ ಸಂಸ್ಥೆಯನ್ನು ‘ಸ್ಥಾಪಿಸುವುದು’, ಒಂದು ಸಂಶೋಧನಾ ಪ್ರಬಂಧವನ್ನು ಪ್ರಕಟಿಸುವುದು, ವಿದ್ಯಾರ್ಥಿಗಳು ದೇಶಗಳ ಪ್ರತಿನಿಧಿಗಳಂತೆ ಚರ್ಚಿಸುವ ಮಾದರಿ ವಿಶ್ವಸಂಸ್ಥೆಯ ಅಧಿವೇಶನಗಳಿಗೆ ಹೋಗುವುದು, ಬಡಮಕ್ಕಳಿಗೆ ಕೋಡಿಂಗ್ ಕಲಿಸುವುದು, ಅಮೆರಿಕದ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಬೇಸಿಗೆ ಶಿಬಿರ. ಶಿಬಿರದ ಶುಲ್ಕ ಮತ್ತು ಪ್ರಬಂಧಕ್ಕೆ ‘ಮೆಂಟರ್’ ಒದಗಿಸುವ ಶುಲ್ಕ ಎರಡೂ ಪ್ಯಾಕೇಜಿನ ಹೊರಗೆ. ದುಡ್ಡು ಕಟ್ಟಿದ ಯಾರನ್ನಾದರೂ ಸೇರಿಸಿಕೊಳ್ಳುವ ಶಿಬಿರಕ್ಕೂ ಅದು ನಡೆಯುವ ವಿಶ್ವವಿದ್ಯಾಲಯದ ಪ್ರವೇಶಕ್ಕೂ ಸಂಬಂಧವಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಂಥ, ಬಹಳ ಕಟ್ಟುನಿಟ್ಟಾಗಿ ಆರಿಸಿಕೊಳ್ಳುವ, ಕಲಿಕೆಗೆ ಶುಲ್ಕವನ್ನೇ ಪಡೆಯದ ಶಿಬಿರಗಳೂ ಇವೆ; ನಮ್ಮ ದೇಶದೊಳಗೆ ಮುಂಬೈಯ ಹೋಮಿ ಭಾಭಾ ಕೇಂದ್ರದ ಮೂಲಕ ನಡೆಯುವ ವಿಜ್ಞಾನ ಮತ್ತು ಗಣಿತ ಒಲಿಂಪಿಯಾಡ್‌ಗಳ ದಾರಿಯಿದೆ. ಎರಡೂ ಆ ಹಾಳೆಯಲ್ಲಿ ಇರಲಿಲ್ಲ. ಕಮಿಷನ್ ಸಿಗದ ತಿಂಡಿಯನ್ನು ಯಾವ ಹೋಟೆಲಿನವರೂ ಬೋರ್ಡಿನಲ್ಲಿ ಬರೆಯುವುದಿಲ್ಲವೇನೋ.

ಹತ್ತನೇ ತರಗತಿಯ ಮಧ್ಯದಲ್ಲಿ ನಾವು ಆ ‘ಸ್ವಯಂಸೇವಾ ಸಂಸ್ಥೆ’ಯನ್ನು ಆರಂಭಿಸಿಯೂಬಿಟ್ಟೆವು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿದೆ. ಲಾಂಛನ, ಜಾಲತಾಣ, ಇನ್‌ಸ್ಟಾಗ್ರಾಂ ಪುಟ ಎಲ್ಲವೂ ಒಂದೇ ವಾರದಲ್ಲಿ ಸಿದ್ಧವಾದವು. ಸಂಸ್ಥೆಯವರ ಡಿಸೈನರ್ ಅದನ್ನು ಅಚ್ಚುಕಟ್ಟಾಗಿಯೇ ಮಾಡಿಕೊಟ್ಟರು. ಮೊದಲ ಕಾರ್ಯಕ್ರಮವೆಂದು ಮನೆಗೆ ಹತ್ತಿರದ ಸರ್ಕಾರಿ ಶಾಲೆಯೊಂದಕ್ಕೆ ನೋಟ್‌ಬುಕ್ ಹಂಚಲು ಹೋದೆವು. ಮಕ್ಕಳು ಸಾಲಾಗಿ ನಿಂತರು, ಫೋಟೊ ತೆಗೆದದ್ದಾಯಿತು. ಮುಖ್ಯೋಪಾಧ್ಯಾಯಿನಿ ನಮಗೆ ಚಹಾ ಕೊಟ್ಟು, ಬೇಸರವನ್ನೇನೂ ತೋರಿಸದೆ, “ಈ ವರ್ಷ ನೋಟ್‌ಬುಕ್ ಇದು ಮೂರನೇ ಸಲ ಬಂತು ಮೇಡಂ, ವಾರಕ್ಕೊಂದು ದಿನ ಯಾರಾದ್ರೂ ಬಂದು ಮಕ್ಕಳಿಗೆ ಇಂಗ್ಲಿಷ್ ಓದಿಸಿದ್ರೆ ಎಷ್ಟೋ ಅನುಕೂಲ ಆಗ್ತಿತ್ತು” ಎಂದರು. ಹಿಂದೆ ಬರುವಾಗ ಕಾರಿನಲ್ಲಿ ಮಗಳು ಒಂದು ಮಾತನ್ನೂ ಆಡಲಿಲ್ಲ. ಆ ಇನ್‌ಸ್ಟಾಗ್ರಾಂ ಪುಟದಲ್ಲಿ ಇವತ್ತಿಗೂ ಇರುವುದು ಹನ್ನೊಂದು ಚಿತ್ರಗಳು ಮಾತ್ರ, ಎಲ್ಲವೂ ಅದೇ ದಿನದವು.

ಹನ್ನೊಂದನೇ ತರಗತಿಯ ಆರಂಭದಲ್ಲಿ ಅವರು ಕಳಿಸಿದ ಕರಡು ಪಟ್ಟಿ ನನ್ನನ್ನು ಇನ್ನಷ್ಟು ತಬ್ಬಿಬ್ಬು ಮಾಡಿತು. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಹೆಚ್ಚೆಂದರೆ 10 ಚಟುವಟಿಕೆಗಳನ್ನು ನಮೂದಿಸಬಹುದು. ಪ್ರತಿಯೊಂದಕ್ಕೂ ಯಾವ ತರಗತಿಯಲ್ಲಿ ಮಾಡಿದ್ದು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ತುಂಬಬೇಕು. ಕರಡಿನಲ್ಲಿ ಏಳು ಸಾಲುಗಳಿದ್ದವು: ಸ್ವಯಂಸೇವಾ ಸಂಸ್ಥೆ 8 ಗಂಟೆ, ಸಂಶೋಧನೆ 6, ಮಾದರಿ ವಿಶ್ವಸಂಸ್ಥೆ 5, ವೀಣೆ 6, ಚರ್ಚಾಕೂಟ 4, ಬ್ಯಾಡ್ಮಿಂಟನ್ 6, ಕೋಡಿಂಗ್ ಪಾಠ 5. ಕೂಡಿದರೆ ವಾರಕ್ಕೆ 40 ಗಂಟೆ. ಬೆಳಿಗ್ಗೆ ಏಳೂಕಾಲಕ್ಕೆ ಶಾಲೆಯ ಬಸ್ಸು ಹತ್ತಿ ಸಂಜೆ ನಾಲ್ಕೂವರೆಗೆ ಇಳಿಯುವ, ಆಮೇಲೆ ಫಿಸಿಕ್ಸ್ ಟ್ಯೂಷನ್ನಿಗೆ ಓಡುವ ಹುಡುಗಿಗೆ ವಾರದಲ್ಲಿ ಇನ್ನೊಂದು ಪೂರ್ಣಾವಧಿ ನೌಕರಿ ಮಾಡುವಷ್ಟು ಸಮಯವನ್ನು ಅವರು ಕಾಗದದ ಮೇಲೆ ಸೃಷ್ಟಿಸಿದ್ದರು. ಅರ್ಜಿ ಓದುವವರಿಗೂ ಕೂಡುವ ಲೆಕ್ಕ ಬರುತ್ತದೆ. ಮೇಲಾಗಿ ಶಿಕ್ಷಕರ ಶಿಫಾರಸು ಪತ್ರಗಳು, ಶಾಲೆಯ ವರದಿ ಪ್ರತ್ಯೇಕವಾಗಿ ಹೋಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರಂತೂ ಕೆಲವು ಅರ್ಜಿಗಳನ್ನು ಚೀಟಿ ಎತ್ತಿದಂತೆ ಆರಿಸಿ, ಬರೆದದ್ದಕ್ಕೆ ಪುರಾವೆ ಕೇಳುತ್ತಾರೆ. ದೋಣಿ ಹುಟ್ಟನ್ನೇ ಹಿಡಿಯದ ಮಕ್ಕಳನ್ನು ದೋಣಿ ಸ್ಪರ್ಧೆಯ ಪಟುಗಳೆಂದು ತೋರಿಸಿದ ಹಗರಣ 2019ರಲ್ಲಿ ಅಮೆರಿಕದಲ್ಲಿ ಬಯಲಾಗಿ, ಅದರ ಸೂತ್ರಧಾರನಾದ ಸಲಹೆಗಾರನಿಗೆ 2023ರಲ್ಲಿ ಮೂರೂವರೆ ವರ್ಷ ಸೆರೆವಾಸವಾಯಿತು. ನಮ್ಮ ಸಂಸ್ಥೆಯವರು ಅಂಥದ್ದೇನನ್ನೂ ಮಾಡಲಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಎಂಟು ಗಂಟೆ ಎಲ್ಲಿಂದ ಬಂತು ಎಂದು ನಾನು ಕೇಳಿದಾಗ ಸಿಕ್ಕ ಉತ್ತರ, “ಎಲ್ಲರೂ ಹಾಗೇ ಹಾಕ್ತಾರೆ ಮೇಡಂ.”

ಆ ಪಟ್ಟಿಯಲ್ಲಿ ಇರಬೇಕಾಗಿದ್ದು ಎರಡು ಇರಲಿಲ್ಲ. ಮೊದಲನೆಯದು, ಮಗಳು ಪ್ರತಿ ಭಾನುವಾರ ಮಧ್ಯಾಹ್ನ ಅಜ್ಜಿಯ ಜೊತೆ ಕುಳಿತು ಮಾಡುವ ಕೆಲಸ. ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಅಂತರ್ಜಾಲ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುತ್ತಾರೆ. ಯಂತ್ರ ಓದಿಕೊಂಡ ಪಠ್ಯವನ್ನು ಮೂಲ ಪುಟದೊಂದಿಗೆ ಹೋಲಿಸಿ ತಿದ್ದಿದರೆ ಕೆಂಪು ಗುರುತಿನ ಪುಟ ಹಳದಿಯಾಗುತ್ತದೆ, ಬೇರೊಬ್ಬರು ಮತ್ತೆ ಪರಿಶೀಲಿಸಿದರೆ ಹಸಿರಾಗುತ್ತದೆ. ಯಂತ್ರಕ್ಕೆ ನಮ್ಮ ಅರ್ಕಾವತ್ತು ಒಂಬತ್ತರ ಅಂಕಿಯಂತೆ ಕಾಣುತ್ತದೆ. ಹಾಗಾಗಿ ‘ಸೂರ್ಯ’ ಹೋಗಿ ‘ಸೂಯ೯’ ಆಗಿರುತ್ತದೆ, ‘ಧರ್ಮ’ ‘ಧಮ೯’ ಆಗಿರುತ್ತದೆ. ಅಜ್ಜಿ ಭೂತಗನ್ನಡಿ ಹಿಡಿದು ಅಚ್ಚಿನ ಪುಟವನ್ನು ಗಟ್ಟಿಯಾಗಿ ಓದುತ್ತಾರೆ, ಇವಳು ಪರದೆಯ ಮೇಲೆ ತಿದ್ದುತ್ತಾಳೆ. ಸ್ವಲ್ಪ ಕಾಲದ ಮೇಲೆ, ಅಕ್ಷರಕ್ಕೆ ಅಂಟಿಕೊಂಡ ೯ ಅಂಕಿಯನ್ನು ಹುಡುಕಿ ತೋರಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ಅವಳೇ ಬರೆದುಕೊಂಡಳು. ಎರಡನೆಯದು, ಅದೇ ಅಜ್ಜಿಯ ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ವಾರಕ್ಕೆರಡು ಸಂಜೆ ಆಟೊದಲ್ಲಿ ಫಿಸಿಯೊಥೆರಪಿಗೆ ಕರೆದೊಯ್ದು ತರುವ ಹೊಣೆ. ನಾನು ಇವೆರಡನ್ನೂ ಮೊದಲ ಸಭೆಯಲ್ಲೇ ಹೇಳಿದ್ದೆ. ಒಂದನ್ನು ‘ಹವ್ಯಾಸ’ ಎಂದೂ ಇನ್ನೊಂದನ್ನು ‘ಮನೆಗೆಲಸ’ ಎಂದೂ ಬದಿಗಿಟ್ಟರು. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಯ ಬಗೆಯನ್ನು ಆರಿಸುವ ಪಟ್ಟಿಯಲ್ಲಿಯೇ ‘ಕುಟುಂಬದ ಜವಾಬ್ದಾರಿ’ ಎಂಬ ಆಯ್ಕೆಯಿದೆ, ಸಂಬಳದ ಕೆಲಸಕ್ಕೂ ಆಯ್ಕೆಯಿದೆ. ಹಾರ್ವರ್ಡ್‌ನ ಶಿಕ್ಷಣ ವಿಭಾಗದ ಯೋಜನೆಯೊಂದು 2016ರಲ್ಲಿ ಹೊರತಂದ, ಅಲ್ಲಿನ ಅನೇಕ ಪ್ರವೇಶಾಧಿಕಾರಿಗಳು ಒಪ್ಪಿ ಸಹಿ ಮಾಡಿದ ವರದಿಯೂ ಚಟುವಟಿಕೆಗಳ ಸಂಖ್ಯೆಗಿಂತ ಗುಣ ಮುಖ್ಯ, ಮನೆಯವರಿಗೆ ಮಾಡುವ ಸಹಾಯವನ್ನೂ ಪರಿಗಣಿಸಬೇಕು ಎಂದೇ ಹೇಳಿತ್ತು. ಐದು ಲಕ್ಷ ಪಡೆದವರಿಗೆ ಇದು ಗೊತ್ತಿರಬೇಕಾಗಿತ್ತು.

ಇಷ್ಟಾದರೂ ಈ ಸೇವೆಗೆ ನಾನು ಸೊನ್ನೆ ಕೊಡಲಾರೆ. ಹನ್ನೆರಡನೇ ತರಗತಿಯ ಬೇಸಿಗೆಯಲ್ಲಿ ಆ ಹಿರಿಯ ಸಲಹೆಗಾರರು ಕೆಲಸ ಬಿಟ್ಟು ಹೋಗಿ, ನಮ್ಮ ಕಡತ ಒಬ್ಬ ಕಿರಿಯ ಸಲಹೆಗಾರ್ತಿಯ ಕೈಗೆ ಬಂತು. ಆಕೆ ನನ್ನನ್ನು ಹೊರಗೆ ಕೂರಿಸಿ, ಮಗಳೊಬ್ಬಳ ಜೊತೆ ಮಾತನಾಡಿದರು. ಕೇಳಿದ ಮೊದಲ ಪ್ರಶ್ನೆ, ಯಾರೂ ಹೇಳದಿದ್ದರೂ ಏನು ಮಾಡುತ್ತೀ ಎಂದಂತೆ. ಒಂದೂವರೆ ಗಂಟೆಯ ನಂತರ ಹೊರಬಂದ ಹಾಳೆಯಲ್ಲಿ ಸ್ವಯಂಸೇವಾ ಸಂಸ್ಥೆ, ಸಂಶೋಧನೆ, ಮಾದರಿ ವಿಶ್ವಸಂಸ್ಥೆ, ಕೋಡಿಂಗ್ ಪಾಠ ನಾಲ್ಕಕ್ಕೂ ಗೆರೆ ಎಳೆದಿತ್ತು. ವಿಕಿಸೋರ್ಸ್ ಮೊದಲ ಸಾಲಿಗೆ ಏರಿತ್ತು, ಅಜ್ಜಿಯ ಫಿಸಿಯೊಥೆರಪಿ ನಾಲ್ಕನೆಯದಾಗಿತ್ತು. ಆಮೇಲಿನ ಕೆಲಸವೇ ಈ ಸೇವೆಯ ನಿಜವಾದ ಕಸುಬು. ಪ್ರತಿ ಚಟುವಟಿಕೆಯ ವಿವರಣೆಗೆ ಕಾಮನ್ ಆ್ಯಪ್ ಕೊಡುವುದು ಖಾಲಿ ಜಾಗವೂ ಸೇರಿ 150 ಅಕ್ಷರ. ಮಗಳ ಮೊದಲ ಕರಡಿನಲ್ಲಿ ‘ಪರಂಪರೆಯ ಸಂರಕ್ಷಣೆಯ ಬಗ್ಗೆ ಅಪಾರ ಒಲವು’ ಎಂಬಂಥ ಇಂಗ್ಲಿಷ್ ಮಾತುಗಳೇ ಅರ್ಧ ಜಾಗ ತಿಂದಿದ್ದವು. ಆ ಸಲಹೆಗಾರ್ತಿ ಒಲವನ್ನು ಹೊಡೆದುಹಾಕಿ, ಎಷ್ಟು ಪುಟ, ಯಾರ ಜೊತೆ, ಯಾವ ತಪ್ಪು ಎಂದು ಮೂರು ಪ್ರಶ್ನೆ ಬರೆದು ವಾಪಸು ಕಳಿಸಿದರು. ಐದು ಸಲ ತಿದ್ದಿದ ಮೇಲೆ ಉಳಿದದ್ದು ಇಷ್ಟು: ಅಜ್ಜಿ ಓದುತ್ತಾರೆ, ನಾನು ತಿದ್ದುತ್ತೇನೆ; 412 ಪುಟ; ಅರ್ಕಾವತ್ತನ್ನು ಒಂಬತ್ತೆಂದು ಓದುವ ದೋಷ ಹಿಡಿಯುವ ಪ್ರೋಗ್ರಾಂ. ಇಂಗ್ಲಿಷಿನಲ್ಲಿ 147 ಅಕ್ಷರ. ಅದನ್ನು ಓದಿದವರಿಗೆ ನನ್ನ ಮಗಳು ಕಾಣಿಸುತ್ತಾಳೆ.

ಬೇರೆ ಬೇರೆ ಕಡೆಗೆ ಬೇರೆ ಬೇರೆ ಅಳತೆ ಎಂಬುದನ್ನೂ ಆಕೆಯೇ ವಿವರಿಸಿದ್ದು. ಎಂಐಟಿ ಕಾಮನ್ ಆ್ಯಪ್ ಬಳಸುವುದಿಲ್ಲ, ತನ್ನದೇ ಅರ್ಜಿಯಲ್ಲಿ ಮುಖ್ಯವಾದ ನಾಲ್ಕು ಚಟುವಟಿಕೆಗಳನ್ನಷ್ಟೇ ಕೇಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಚಟುವಟಿಕೆ, ಪ್ರಶಸ್ತಿ ಎಲ್ಲ ಸೇರಿ 20ಕ್ಕೆ ಜಾಗ ಕೊಡುತ್ತದೆ, ವಿವರಣೆಗೆ 350 ಅಕ್ಷರ. ಬ್ರಿಟನ್ನಿಗೆ ಹೋಗುವವರಿಗೆ ಇದರಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ: 2026ರ ಪ್ರವೇಶದಿಂದ, ಅಲ್ಲಿನ ಪದವಿ ಪ್ರವೇಶಕ್ಕೆ ಬಳಸುವ ಯುಕಾಸ್ ಎಂಬ ಸಾಮಾನ್ಯ ಅರ್ಜಿಯಲ್ಲಿ ಮೂರು ಪ್ರಶ್ನೆಗಳಿಗೆ ಒಟ್ಟು 4,000 ಅಕ್ಷರಗಳೊಳಗೆ ಉತ್ತರಿಸಬೇಕು, ಅಲ್ಲಿ ಮುಖ್ಯವಾಗಿ ನೋಡುವುದು ಓದಲು ಹೊರಟ ವಿಷಯದ ಮೇಲಿನ ಆಸಕ್ತಿಯನ್ನು. ಆದರೂ ನಮ್ಮ ಜೊತೆಗಿದ್ದ, ಬ್ರಿಟನ್ನಿಗೆ ಮಾತ್ರ ಅರ್ಜಿ ಹಾಕಿದ ಹುಡುಗನಿಗೂ ಅದೇ ಪ್ಯಾಕೇಜು, ಅದೇ ನೋಟ್‌ಬುಕ್ ವಿತರಣೆ.

ಫಲಿತಾಂಶದ ಬಗ್ಗೆ ಕೇಳುವವರಿಗೆ: ಮಗಳಿಗೆ ಎರಡು ಕಡೆ ಪ್ರವೇಶ ಸಿಕ್ಕಿದೆ, ಐದು ಕಡೆ ಇಲ್ಲ. ಸಿಕ್ಕಿದ್ದು ಯಾವುದರಿಂದ ಎಂದು ಯಾರೂ ಹೇಳಲಾರರು, ಹೇಳುತ್ತೇವೆ ಎನ್ನುವ ಕರಪತ್ರಗಳನ್ನು ನಂಬಬೇಡಿ. ಈ ಸೇವೆಗೆ ಐದು ಅಂಕಗಳಲ್ಲಿ ನಾನು ಕೊಡುವುದು ಎರಡು. ಆ ಎರಡೂ ಕೊನೆಯ ಆರು ತಿಂಗಳಿಗೆ, ಆ ಕಿರಿಯ ಸಲಹೆಗಾರ್ತಿಗೆ. ಗಂಟೆ ಲೆಕ್ಕದ ಸೇವೆ ಅವರಲ್ಲಿ ಇದೆ, ಕರಪತ್ರದಲ್ಲಿ ಮಾತ್ರ ಅಚ್ಚಾಗಿಲ್ಲ; ನೇರವಾಗಿ ಕೇಳಿದರೆ ದರ ಹೇಳುತ್ತಾರೆ. ಚಟುವಟಿಕೆಗಳ ಪಟ್ಟಿ ಮತ್ತು ಅರ್ಜಿಯ ಜೊತೆ ಬರೆಯುವ ಪ್ರಬಂಧ ತಿದ್ದಲು ಹನ್ನೆರಡನೇ ತರಗತಿಯಲ್ಲಿ ಹತ್ತು ಗಂಟೆ ತೆಗೆದುಕೊಂಡರೆ ಧಾರಾಳವಾಯಿತು. ಒಂಬತ್ತನೇ ತರಗತಿಯ ಮಗುವಿಗೆ ಚಟುವಟಿಕೆ ಆರಿಸಿಕೊಡಲು ದುಡ್ಡು ಕಟ್ಟಬೇಡಿ. ಒಪ್ಪಂದಕ್ಕೆ ಸಹಿ ಮಾಡುವ ಮುನ್ನ, ಸಲಹೆಗಾರರು ಬದಲಾದರೆ ಅಥವಾ ಮಧ್ಯದಲ್ಲಿ ಬಿಟ್ಟರೆ ಉಳಿದ ಕಂತಿನ ಗತಿಯೇನು ಎಂಬ ಷರತ್ತನ್ನು ಓದಿ. ನಮ್ಮದರಲ್ಲಿ ಅದು ಏಳನೇ ಪುಟದಲ್ಲಿ ಇತ್ತು, ನಾವು ಓದಿದ್ದು ಎರಡನೇ ಕಂತು ಕಟ್ಟಿದ ಮೇಲೆ.

ಏಪ್ರಿಲ್‌ನಲ್ಲಿ ಸಂಸ್ಥೆಯಿಂದ ಒಂದು ಇಮೇಲ್ ಬಂತು. ಮಗಳು ಮಾಡಿದ ಪುಸ್ತಕ ತಿದ್ದುವ ಕೆಲಸ ಬಹಳ ‘ವಿಶಿಷ್ಟ’ವಾಗಿದೆ, ಮುಂದಿನ ಬ್ಯಾಚಿನ ಮಕ್ಕಳಿಗೆ ಅದನ್ನು ಒಂದು ಪ್ರಾಜೆಕ್ಟಾಗಿ ಪ್ರೀಮಿಯಂ ಪ್ಯಾಕೇಜಿನಲ್ಲಿ ಸೇರಿಸಲು ಅನುಮತಿ ಕೊಡುವಿರಾ ಎಂದು ಕೇಳಿದ್ದರು. ವಿಕಿಸೋರ್ಸ್‌ನಲ್ಲಿ ಖಾತೆ ತೆರೆಯಲು ಯಾರ ಅನುಮತಿಯೂ ಬೇಡ, ಶುಲ್ಕವೂ ಇಲ್ಲ ಎಂದು ಮಗಳು ಒಂದೇ ಸಾಲಿನ ಉತ್ತರ ಬರೆದು, ಕೊಂಡಿಯನ್ನೂ ಲಗತ್ತಿಸಿ ಕಳಿಸಿದಳು.